ಹಲ್ಲಿಗೆ ಅಂಟು ಹಿಡಿದ ಕಥೆ

ಕಬಡ್ಡಿ ಆಡುವಾಗ ಬಿದ್ದು ಮುಂದಿನ ಹಲ್ಲಿನ ಮೂಲೆ ಮುರಿದುಕೊಂಡ ಹುಡುಗನೊಬ್ಬನನ್ನು ಇಂದು ದಂತವೈದ್ಯರ ಬಳಿಗೆ ಕರೆದೊಯ್ದರೆ, ಅವರು ಹಲ್ಲಿನ ಬಣ್ಣದ್ದೇ ಆದ ಪದಾರ್ಥವೊಂದನ್ನು ಮುರಿದ ಜಾಗಕ್ಕೆ ಅಂಟಿಸಿ, ಆಕಾರ ತಿದ್ದಿ, ಹೊಳಪು ಕೊಟ್ಟು ಅಂದೇ ಮನೆಗೆ ಕಳುಹಿಸುತ್ತಾರೆ. ಒಳಗಿನ ತಿರುಳಿಗೆ ಪೆಟ್ಟಾಗಿಲ್ಲದಿದ್ದರೆ ಅನೇಕ ವೇಳೆ ಚುಚ್ಚುಮದ್ದೂ ಬೇಕಾಗುವುದಿಲ್ಲ. ಈ ಚಿಕಿತ್ಸೆಗೆ ಬಾಂಡಿಂಗ್ ಎಂದು ಹೆಸರು. ಇದೇ ಹುಡುಗ 1950ರಲ್ಲಿ ಹಲ್ಲು ಮುರಿದುಕೊಂಡಿದ್ದರೆ, ಉಳಿದ ಹಲ್ಲನ್ನು ಸುತ್ತಲೂ ಅರೆದು ಕ್ಯಾಪ್ ಹಾಕಿಸಿಕೊಳ್ಳಬೇಕಾಗಿತ್ತು. ಇಲ್ಲವೇ ಮುರುಕು ಹಲ್ಲಿನೊಡನೆಯೇ ಬಾಳಬೇಕಾಗಿತ್ತು.

ಅಂಟಿಸುವುದು ಸುಲಭದ ಕೆಲಸವೆಂದು ತೋರಬಹುದು. ಆದರೆ ಬಾಯಿಯಷ್ಟು ಅಂಟಿಗೆ ಪ್ರತಿಕೂಲವಾದ ಸ್ಥಳ ಇನ್ನೊಂದಿಲ್ಲ. ಅಲ್ಲಿ ಸದಾ ತೇವ. ಒಂದು ಗಳಿಗೆ ಬಿಸಿ ಕಾಫಿ, ಮರುಗಳಿಗೆ ಐಸ್‌ಕ್ರೀಮ್. ಕೋಡುಬಳೆ ಕಡಿಯುವಾಗ ಬೀಳುವ ಒತ್ತಡ ಬೇರೆ. ಇಂಥ ಜಾಗದಲ್ಲಿ ನಿಲ್ಲುವ ಅಂಟನ್ನು ಕಂಡುಕೊಳ್ಳಲು ವಿಜ್ಞಾನಿಗಳಿಗೆ ಹಲವು ದಶಕಗಳೇ ಹಿಡಿದವು. ಹಲ್ಲಿನ ಆರೋಗ್ಯವನ್ನು ಕುರಿತ ಮಾತುಕತೆಗೆ ಹಿನ್ನೆಲೆಯಾಗಿ ಆ ಇತಿಹಾಸವನ್ನು ಇಲ್ಲಿ ವಿವರಿಸಿದೆ.

ಅಂಟು ಇಲ್ಲದ ಕಾಲ

19ನೆಯ ಶತಮಾನದಲ್ಲಿ ಯೂರೋಪ್ ಮತ್ತು ಅಮೆರಿಕಗಳಲ್ಲಿ ಹುಳುಕು ಹಲ್ಲನ್ನು ತುಂಬಲು ಅಮಾಲ್ಗಮ್ ಬಳಕೆಗೆ ಬಂತು. ಬೆಳ್ಳಿ, ತವರ ಮುಂತಾದ ಲೋಹಗಳ ಪುಡಿಯನ್ನು ಪಾದರಸದೊಡನೆ ಕಲಸಿದ ಮುದ್ದೆ ಇದು. ಗಟ್ಟಿಮುಟ್ಟಾದದ್ದು, ಬೆಲೆಯೂ ಕಡಿಮೆ. ಆದರೆ ಇದಕ್ಕೆ ಎರಡು ಕೊರತೆಗಳಿದ್ದವು. ಒಂದು, ಇದರ ಬಣ್ಣ ಹಲ್ಲಿನ ಬಣ್ಣವಲ್ಲ. ಎರಡು, ಇದು ಹಲ್ಲಿಗೆ ಅಂಟಿಕೊಳ್ಳುವುದಿಲ್ಲ. ಬೀಳದಂತೆ ನಿಲ್ಲಬೇಕಾದರೆ ಕುಳಿಯ ತಳವನ್ನು ಅದರ ಬಾಯಿಗಿಂತ ಅಗಲವಾಗಿ ಕೊರೆಯಬೇಕು. ಬಡಗಿ ಮರಕ್ಕೆ ಕಚ್ಚು ತೆಗೆದು ಇನ್ನೊಂದು ತುಂಡನ್ನು ಕೂರಿಸುವಂತೆ, ಹಲ್ಲಿನಲ್ಲಿ ಕಚ್ಚು ತೆಗೆದು ಅಮಾಲ್ಗಮ್ ಕೂರಿಸಬೇಕು.

ಈ ಕೊರೆತಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅಮೆರಿಕದ ಜಿ. ವಿ. ಬ್ಲ್ಯಾಕ್. 1908ರಲ್ಲಿ ಪ್ರಕಟವಾದ ಅವರ ಗ್ರಂಥ ಹಲವು ತಲೆಮಾರುಗಳ ದಂತವೈದ್ಯರಿಗೆ ಮಾರ್ಗದರ್ಶಿಯಾಯಿತು. ಹುಳುಕು ಮುಂದೆ ಹರಡಬಹುದಾದ ಅಕ್ಕಪಕ್ಕದ ಗೀರುಗಳನ್ನೂ ಮುಂಜಾಗ್ರತೆಯಾಗಿ ಕೊರೆದು ತುಂಬಬೇಕೆಂಬುದು ಅವರು ಹಾಕಿಕೊಟ್ಟ ನಿಯಮ. ಅಂದಿನ ಪದಾರ್ಥಗಳಿಗೆ ಅದು ಸರಿಯಾದ ಕ್ರಮವೇ. ಆದರೆ ಅದಕ್ಕೆ ತೆರಬೇಕಾದ ಬೆಲೆ ದೊಡ್ಡದು. ಹಲ್ಲಿನ ಹೊರಕವಚವಾದ ಎನಾಮೆಲ್ ಮತ್ತೆ ಬೆಳೆಯುವಂಥದ್ದಲ್ಲ. ಹಲ್ಲು ಒಸಡಿನಿಂದ ಹೊರಬರುವ ಹೊತ್ತಿಗೆ, ಎನಾಮೆಲನ್ನು ಕಟ್ಟಿದ ಜೀವಕೋಶಗಳು ಇಲ್ಲವಾಗಿರುತ್ತವೆ. ಚರ್ಮದ ಗಾಯ ಮಾಯುತ್ತದೆ, ಮುರಿದ ಮೂಳೆ ಕೂಡಿಕೊಳ್ಳುತ್ತದೆ; ಕೊರೆದ ಎನಾಮೆಲ್ ಹೋದದ್ದು ಹೋದಂತೆಯೇ.

ಮುಂದಿನ ಹಲ್ಲುಗಳಿಗೆ ಬಿಳಿಯ ಪದಾರ್ಥವೇ ಬೇಕಾಗಿತ್ತು. 20ನೆಯ ಶತಮಾನದ ಆರಂಭದಲ್ಲಿ ಬಳಕೆಗೆ ಬಂದ ಸಿಲಿಕೇಟ್ ಸಿಮೆಂಟ್ ನೋಡಲು ಹಲ್ಲಿನಂತೆಯೇ ಇದ್ದರೂ ಕಾಲಕ್ರಮದಲ್ಲಿ ಬಾಯಿಯ ತೇವಕ್ಕೆ ಕರಗುತ್ತಿತ್ತು. ಆಮೇಲೆ ಅಕ್ರಿಲಿಕ್ ಪ್ಲಾಸ್ಟಿಕ್ ಬಂತು. ಇದರ ಮೂಲದ್ರವ ಗಟ್ಟಿಯಾಗುವಾಗ ಗಾತ್ರದಲ್ಲಿ ಸುಮಾರು ಶೇಕಡ 21ರಷ್ಟು ಕುಗ್ಗುತ್ತದೆ. ಪುಡಿ ಬೆರೆಸಿ ಕುಗ್ಗುವಿಕೆಯನ್ನು ಕಡಿಮೆ ಮಾಡಿದರೂ ತುಂಬಿದ ಪದಾರ್ಥಕ್ಕೂ ಹಲ್ಲಿಗೂ ನಡುವೆ ಸಂದು ಬೀಳುವುದು ತಪ್ಪಲಿಲ್ಲ. ಆ ಸಂದಿನಲ್ಲಿ ಜೊಲ್ಲು ಮತ್ತು ಸೂಕ್ಷ್ಮಜೀವಿಗಳು ಸೇರಿ ಒಳಗೇ ಮತ್ತೆ ಹುಳುಕು ಹಿಡಿಯುತ್ತಿತ್ತು.

ಅಂಟಿನ ಅಭಾವ ಎಷ್ಟಿತ್ತೆಂಬುದಕ್ಕೆ ಚಲನಚಿತ್ರರಂಗದಿಂದ ಒಂದು ಉದಾಹರಣೆ ಕೊಡಬಹುದು. ಕ್ಯಾಮೆರಾವನ್ನು ಹತ್ತಿರಕ್ಕೆ ತಂದರೆ ಮುಖದ ಸಣ್ಣ ಕುಂದೂ ಪರದೆಯ ಮೇಲೆ ದೊಡ್ಡದಾಗಿ ಕಾಣುತ್ತದೆ ಎಂಬುದು ನಮ್ಮ ಕಸುಬಿನವರಿಗೆಲ್ಲ ಗೊತ್ತು. ಹಾಲಿವುಡ್‌ನ ದಂತವೈದ್ಯ ಚಾರ್ಲ್ಸ್ ಪಿಂಕಸ್ ನಟನಟಿಯರಿಗಾಗಿ ತೆಳ್ಳನೆಯ ಹಲ್ಲಿನ ಮುಖವಾಡಗಳನ್ನು ತಯಾರಿಸುತ್ತಿದ್ದರು. ಕಟ್ಟಿಸಿದ ಹಲ್ಲಿನ ಸೆಟ್ಟನ್ನು ನಿಲ್ಲಿಸಲು ಬಳಸುವ ಅಂಟುಪುಡಿಯಿಂದಲೇ ಇವನ್ನು ಮೆತ್ತುತ್ತಿದ್ದರು. ಚಿತ್ರೀಕರಣ ಮುಗಿಯುವವರೆಗೆ ಅವು ನಿಂತರೆ ಸಾಕಾಗಿತ್ತು. ಊಟಕ್ಕೆ ಮುಂಚೆ ತೆಗೆದಿಡಬೇಕಾಗಿತ್ತು.

ಬಣ್ಣ ಬಳಿಯುವವರಿಂದ ಬಂದ ಸುಳಿವು

ಸಮಸ್ಯೆಯನ್ನು ಬೇರೊಂದು ದಿಕ್ಕಿನಿಂದ ನೋಡಿದವರು ಮೈಕೇಲ್ ಬುವೊನೊಕೋರ್. ಅವರು ನ್ಯೂಯಾರ್ಕ್ ರಾಜ್ಯದ ರೋಚೆಸ್ಟರ್ ನಗರದ ಈಸ್ಟ್‌ಮನ್ ದಂತ ಚಿಕಿತ್ಸಾಲಯದ ಸಂಶೋಧಕರು. ಹೊಸ ಅಂಟನ್ನು ಹುಡುಕುವ ಬದಲು ಹಲ್ಲಿನ ಮೇಲ್ಮೈಯನ್ನೇ ಅಂಟಿಗೆ ಒಗ್ಗುವಂತೆ ಸಿದ್ಧಪಡಿಸಲು ಸಾಧ್ಯವೇ ಎಂಬುದು ಅವರ ಪ್ರಶ್ನೆಯಾಗಿತ್ತು. ಲೋಹದ ತಗಡಿಗೆ ಬಣ್ಣ ಬಳಿಯುವ ಮುನ್ನ ಕಾರ್ಖಾನೆಗಳಲ್ಲಿ ಫಾಸ್ಫಾರಿಕ್ ಆಮ್ಲ ಹಚ್ಚುವ ಪದ್ಧತಿ ಅವರಿಗೆ ಗೊತ್ತಿತ್ತು. ಹಾಗೆ ಮಾಡಿದರೆ ಬಣ್ಣ ಬಿಗಿಯಾಗಿ ಕಚ್ಚಿಕೊಳ್ಳುತ್ತದೆ. ಸೈಕಲ್ ಪಂಕ್ಚರ್ ಹಾಕುವವರು ಟ್ಯೂಬನ್ನು ಮೊದಲು ಉಜ್ಜಿ ತರಿತರಿ ಮಾಡಿಕೊಂಡು ಆಮೇಲೆ ಸಲ್ಯೂಷನ್ ಹಚ್ಚುವುದನ್ನು ನೀವು ನೋಡಿದ್ದೀರಿ. ತತ್ತ್ವ ಹೆಚ್ಚುಕಡಿಮೆ ಅದೇ.

ಬುವೊನೊಕೋರ್ ಸ್ವಯಂಸೇವಕರ ಮುಂದಿನ ಹಲ್ಲಿಗೆ ಶೇಕಡ 85ರ ಫಾಸ್ಫಾರಿಕ್ ಆಮ್ಲವನ್ನು 30 ಸೆಕೆಂಡು ಹಚ್ಚಿ, ತೊಳೆದು ಒಣಗಿಸಿ, ಅದರ ಮೇಲೆ ಅಕ್ರಿಲಿಕ್‌ನ ಹನಿಯನ್ನು ಕೂರಿಸಿದರು. ಆಮ್ಲ ಹಚ್ಚದ ಹಲ್ಲಿನಲ್ಲಿ ಆ ಹನಿ ಸರಾಸರಿ 11 ಗಂಟೆ ನಿಂತಿತು. ಆಮ್ಲ ಹಚ್ಚಿದ ಹಲ್ಲಿನಲ್ಲಿ ನಿಂತದ್ದು ಸರಾಸರಿ 1,070 ಗಂಟೆ, ಅಂದರೆ ಸುಮಾರು ಒಂದೂವರೆ ತಿಂಗಳು. 1955ರಲ್ಲಿ ದಂತ ಸಂಶೋಧನೆಯ ಪತ್ರಿಕೆಯೊಂದರಲ್ಲಿ ಅವರು ಪ್ರಕಟಿಸಿದ ಲೇಖನ ಕೆಲವೇ ಪುಟಗಳದ್ದು. ಇಂದಿನ ಬಾಂಡಿಂಗ್‌ಗೆ ಅದೇ ತಳಹದಿ.

ಆಮ್ಲ ಮಾಡುವ ಕೆಲಸವೇನು? ಎನಾಮೆಲ್ ತೂಕದಲ್ಲಿ ಸುಮಾರು ಶೇಕಡ 96ರಷ್ಟು ಖನಿಜ. ಕ್ಯಾಲ್ಸಿಯಂ ಮತ್ತು ಫಾಸ್ಫೇಟುಗಳಿಂದಾದ ಹರಳುಗಳು ಅದರಲ್ಲಿ ಕಟ್ಟುಕಟ್ಟಾಗಿ ಜೋಡಿಸಲ್ಪಟ್ಟಿರುತ್ತವೆ. ಈ ಕಟ್ಟುಗಳ ಎಲ್ಲ ಭಾಗಗಳೂ ಆಮ್ಲಕ್ಕೆ ಒಂದೇ ಸಮನಾಗಿ ಕರಗುವುದಿಲ್ಲ. ಆದ್ದರಿಂದ ನುಣುಪಾಗಿದ್ದ ಮೇಲ್ಮೈ ಕಣ್ಣಿಗೆ ಕಾಣದಷ್ಟು ಸಣ್ಣ ರಂಧ್ರಗಳಿಂದ ಜೇನುಹುಟ್ಟಿನಂತಾಗುತ್ತದೆ. ದ್ರವರೂಪದ ರಾಳ ಈ ರಂಧ್ರಗಳಿಗೆ ಇಳಿದು ಗಟ್ಟಿಯಾದಾಗ ಸಾವಿರಾರು ಬೇರುಗಳು ಹಲ್ಲನ್ನು ಹಿಡಿದಂತಾಗುತ್ತದೆ. ಹಿಂದೆ ಯಂತ್ರದಿಂದ ಕೊರೆದು ಮಾಡುತ್ತಿದ್ದ ಒಂದು ದೊಡ್ಡ ಕಚ್ಚಿನ ಬದಲು ಈಗ ಅಸಂಖ್ಯಾತ ಸೂಕ್ಷ್ಮ ಕಚ್ಚುಗಳು! ನಷ್ಟವಾಗುವ ಎನಾಮೆಲ್ ಒಂದು ಮಿಲಿಮೀಟರಿನ ನೂರನೆಯ ಒಂದು ಭಾಗದ ಆಸುಪಾಸು ಮಾತ್ರ.

ಇಷ್ಟು ಸರಳವಾದ ಉಪಾಯ ಒಡನೆಯೇ ಬಳಕೆಗೆ ಬರಲಿಲ್ಲ. ಹಲ್ಲಿನ ಮೇಲೆ ಬೇಕೆಂದೇ ಆಮ್ಲ ಹಚ್ಚುವುದೆಂದರೆ ವೈದ್ಯರು ಹಿಂಜರಿದದ್ದು ಸಹಜ. ಅದಕ್ಕಿಂತ ಮುಖ್ಯವಾದ ಅಡ್ಡಿಯೊಂದಿತ್ತು. ಅಂಟಿಸುವ ವಿಧಾನ ಸಿಕ್ಕಿದರೂ ಅಂಟಿಸಲು ಯೋಗ್ಯವಾದ ಪದಾರ್ಥ ಇನ್ನೂ ಸಿದ್ಧವಾಗಿರಲಿಲ್ಲ.

ರಾಳಕ್ಕೆ ಸೇರಿದ ಜಲ್ಲಿ

ಆ ಕೊರತೆಯನ್ನು ತುಂಬಿದವರು ರಾಫೇಲ್ ಬೋವೆನ್. ವಾಷಿಂಗ್ಟನ್‌ನ ರಾಷ್ಟ್ರೀಯ ಮಾನಕ ಸಂಸ್ಥೆಯಲ್ಲಿ ಅವರ ಸಂಶೋಧನೆ ನಡೆಯಿತು. ಅವರು ಮೊದಲು ಎಪಾಕ್ಸಿ ರಾಳವನ್ನು ಪರೀಕ್ಷಿಸಿದರು. ಅದು ಕಡಿಮೆ ಕುಗ್ಗುತ್ತಿತ್ತು, ಆದರೆ ಗಟ್ಟಿಯಾಗಲು ಬಹಳ ಹೊತ್ತು ಹಿಡಿಯುತ್ತಿತ್ತು. ಬಾಯಿ ತೆರೆದುಕೊಂಡು ಕುಳಿತ ರೋಗಿ ಎಷ್ಟು ಹೊತ್ತು ಕಾದಾನು? ಆಗ ಬೋವೆನ್ ಎಪಾಕ್ಸಿಯಂಥ ಉದ್ದನೆಯ ಅಣುವಿನ ಎರಡು ತುದಿಗಳಿಗೂ ಅಕ್ರಿಲಿಕ್‌ನಂತೆ ಬೇಗ ಬೆಸೆದುಕೊಳ್ಳುವ ಗುಂಪುಗಳನ್ನು ಜೋಡಿಸಿದರು. ಹೀಗೆ ಹುಟ್ಟಿದ ರಾಳಕ್ಕೆ ಬಿಸ್-ಜಿಎಂಎ ಎಂದು ಹೆಸರು. 1962ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟ್ ದೊರೆಯಿತು.

ರಾಳವೊಂದೇ ಇದ್ದರೆ ಬೇಗ ಸವೆಯುತ್ತದೆ. ಆದ್ದರಿಂದ ಅದಕ್ಕೆ ಸಿಲಿಕದ ನುಣ್ಣನೆಯ ಪುಡಿಯನ್ನು ಹೆಚ್ಚಿನ ಪ್ರಮಾಣದಲ್ಲಿ ಸೇರಿಸಿದರು. ಕಾಂಕ್ರೀಟಿಗೆ ಜಲ್ಲಿ ಬಲ ಕೊಡುವಂತೆ ಇದು ರಾಳಕ್ಕೆ ಬಲ ಕೊಟ್ಟಿತು. ಪುಡಿಯ ಪ್ರತಿಯೊಂದು ಕಣಕ್ಕೂ ಸಿಲೇನ್ ಎಂಬ ರಾಸಾಯನಿಕದ ಲೇಪ ಕೊಟ್ಟದ್ದು ಬೋವೆನ್‌ರ ಇನ್ನೊಂದು ಜಾಣತನ. ಈ ಲೇಪ ಒಂದು ಕೈಯಿಂದ ಕಣವನ್ನೂ ಇನ್ನೊಂದು ಕೈಯಿಂದ ರಾಳವನ್ನೂ ಹಿಡಿದುಕೊಳ್ಳುತ್ತದೆ. ಇಂಥ ಮಿಶ್ರಪದಾರ್ಥವನ್ನು ಕಾಂಪೋಸಿಟ್ ಎನ್ನುತ್ತಾರೆ. ಇಂದು ನಾವು ಹಾಕಿಸಿಕೊಳ್ಳುವ ‘ಹಲ್ಲಿನ ಬಣ್ಣದ ಸಿಮೆಂಟ್’ ಬಹುಪಾಲು ಇದೇ.

1955ರ ಆಮ್ಲ, 1962ರ ರಾಳ ಇವೆರಡೂ ಕೂಡಿದ ಮೇಲೆ ದಾರಿ ತೆರೆಯಿತು. ವಕ್ರದಂತಕ್ಕೆ ಕ್ಲಿಪ್ ಹಾಕುವಾಗ ಪ್ರತಿ ಹಲ್ಲಿಗೂ ಲೋಹದ ಪಟ್ಟಿ ತೊಡಿಸುವುದನ್ನು ಬಿಟ್ಟು ಸಣ್ಣ ಬಿಲ್ಲೆಯನ್ನು ನೇರವಾಗಿ ಅಂಟಿಸುವ ಪ್ರಯೋಗ 1960ರ ದಶಕದಲ್ಲಿ ನಡೆಯಿತು. ಮಕ್ಕಳ ದವಡೆ ಹಲ್ಲಿನ ಗೀರುಗಳಿಗೆ ಹುಳುಕು ಹಿಡಿಯುವ ಮೊದಲೇ ರಾಳ ತುಂಬಿ ಮುಚ್ಚುವ ಕ್ರಮವನ್ನು 1967ರಲ್ಲಿ ಬುವೊನೊಕೋರ್ ಮತ್ತು ಅವರ ಸಹೋದ್ಯೋಗಿ ಕ್ವೆಟೊ ಪ್ರಕಟಿಸಿದರು. ಬ್ಲ್ಯಾಕ್ ಮುಂಜಾಗ್ರತೆಗಾಗಿ ಕೊರೆಯಿರಿ ಎಂದಿದ್ದ ಗೀರುಗಳೇ ಇವು ಎಂಬುದನ್ನು ಗಮನಿಸಿ.

ನೀಲಿ ಬೆಳಕು, ಒದ್ದೆ ಹಲ್ಲು

ಮೊದಲ ಕಾಂಪೋಸಿಟ್‌ಗಳು ಎರಡು ಭಾಗಗಳಾಗಿ ಬರುತ್ತಿದ್ದವು. ಎರಡನ್ನೂ ಕಲಸಿದೊಡನೆ ಗಟ್ಟಿಯಾಗತೊಡಗುತ್ತಿತ್ತು. ಆಕಾರ ಕೊಡಲು ವೈದ್ಯರಿಗೆ ವ್ಯವಧಾನವೇ ಇರುತ್ತಿರಲಿಲ್ಲ. 1970ರ ದಶಕದ ಆರಂಭದಲ್ಲಿ ಅತಿನೇರಳೆ ಕಿರಣದಿಂದ ಗಟ್ಟಿಯಾಗುವ ರಾಳ ಬಂತು. ಆ ಕಿರಣ ಆಳಕ್ಕೆ ಇಳಿಯುತ್ತಿರಲಿಲ್ಲ, ಕಣ್ಣಿಗೂ ಅಪಾಯ. ಅದೇ ದಶಕದ ಕೊನೆಯ ವರ್ಷಗಳಲ್ಲಿ ಕಣ್ಣಿಗೆ ಕಾಣುವ ನೀಲಿ ಬೆಳಕು ಅದರ ಸ್ಥಾನವನ್ನು ಪಡೆಯಿತು. ರಾಳದಲ್ಲಿರುವ ಕ್ಯಾಂಫರ್‌ಕ್ವಿನೋನ್ ಎಂಬ ಹಳದಿ ವಸ್ತು ಸುಮಾರು 470 ನ್ಯಾನೋಮೀಟರ್ ತರಂಗಾಂತರದ ನೀಲಿ ಬೆಳಕನ್ನು ಹೀರಿ, ಅಣುಗಳು ಸರಪಳಿಯಾಗಿ ಬೆಸೆದುಕೊಳ್ಳುವ ಕ್ರಿಯೆಗೆ ಚಾಲನೆ ಕೊಡುತ್ತದೆ. ಈಗ ವೈದ್ಯರು ಶಿಲ್ಪಿಯಂತೆ ನಿಧಾನವಾಗಿ ಆಕಾರ ತಿದ್ದಿ, ಸಿದ್ಧವಾದಾಗ ದೀಪ ಹಿಡಿದರಾಯಿತು. ಬೆಳಕು ತಳದವರೆಗೆ ತಲುಪಲೆಂದು ಸಾಮಾನ್ಯವಾಗಿ ಎರಡು ಮಿಲಿಮೀಟರ್ ದಪ್ಪದ ಪದರಗಳಲ್ಲಿ ತುಂಬುತ್ತಾರೆ.

ಎನಾಮೆಲ್‌ನ ಒಳಗಿರುವ ಡೆಂಟಿನ್ ಮಾತ್ರ ಬಹುಕಾಲ ಸವಾಲಾಗಿಯೇ ಉಳಿಯಿತು. ಅದರಲ್ಲಿ ಖನಿಜ ಸುಮಾರು ಶೇಕಡ 70. ಉಳಿದದ್ದು ಕೊಲಾಜೆನ್ ಎಂಬ ನಾರು ಮತ್ತು ನೀರು. ಒದ್ದೆ ಗೋಡೆಗೆ ಎಣ್ಣೆಬಣ್ಣ ಹಿಡಿಯದಂತೆ ಡೆಂಟಿನ್‌ಗೆ ರಾಳ ಹಿಡಿಯುತ್ತಿರಲಿಲ್ಲ. ಇದನ್ನು ಬಿಡಿಸಿದ ಕೀರ್ತಿಯ ದೊಡ್ಡ ಪಾಲು ಜಪಾನಿಗೆ ಸಲ್ಲುತ್ತದೆ. ಟೋಕಿಯೋದ ತಕಾವೊ ಫುಸಾಯಾಮ 1970ರ ದಶಕದ ಕೊನೆಯಲ್ಲಿ ಡೆಂಟಿನ್‌ಗೂ ಆಮ್ಲ ಹಚ್ಚುವ ಧೈರ್ಯ ಮಾಡಿದರು. ಆಮ್ಲದಿಂದ ಬಯಲಾದ ನಾರಿನ ಜಾಲದೊಳಕ್ಕೆ ರಾಳ ಇಳಿದು, ಅರ್ಧ ಹಲ್ಲು ಅರ್ಧ ರಾಳವಾದ ಒಂದು ಮಿಶ್ರಪದರ ಉಂಟಾಗುತ್ತದೆಂದು 1982ರಲ್ಲಿ ನೊಬುವೊ ನಕಬಯಾಶಿ ತೋರಿಸಿದರು. 1990ರ ದಶಕದಲ್ಲಿ ಇನ್ನೊಂದು ಸಂಗತಿ ಸ್ಪಷ್ಟವಾಯಿತು: ಡೆಂಟಿನ್ ಅನ್ನು ಪೂರ್ತಿ ಒಣಗಿಸಿದರೆ ನಾರಿನ ಜಾಲ ಕುಸಿದು ರಾಳಕ್ಕೆ ದಾರಿ ಮುಚ್ಚುತ್ತದೆ; ತುಸು ತೇವ ಉಳಿಸಿದರೆ ಅಂಟು ಚೆನ್ನಾಗಿ ಹಿಡಿಯುತ್ತದೆ.

ಕಲೆ ಬಿದ್ದ ಹಲ್ಲು ಮತ್ತು ಊರಿನ ನೀರು

ಬಾಂಡಿಂಗ್ ಎಂದರೆ ಚಿತ್ರತಾರೆಯರ ಅಲಂಕಾರ ಎಂಬ ಭಾವನೆ ನಮ್ಮಲ್ಲಿ ಕೆಲವರಿಗಿದೆ. ಪಾವಗಡ, ಬಾಗೇಪಲ್ಲಿ, ಮುಂಡರಗಿ ಮುಂತಾದ ಕಡೆ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಹೆಚ್ಚಾಗಿರುವ ಊರುಗಳಿವೆ. ಅಲ್ಲಿ ಬೆಳೆದ ಎಷ್ಟೋ ಮಂದಿಯ ಹಲ್ಲುಗಳ ಮೇಲೆ ಸುಣ್ಣದಂಥ ಬಿಳಿ ಪಟ್ಟೆ ಅಥವಾ ಕಂದು ಕಲೆ ಇರುತ್ತದೆ. ಇದು ದಂತ ಫ್ಲೋರೋಸಿಸ್. ಹಲ್ಲುಜ್ಜದೆ ಬಂದ ಕೊಳೆ ಅದಲ್ಲ. ಎಷ್ಟು ಉಜ್ಜಿದರೂ ಹೋಗುವುದೂ ಇಲ್ಲ. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುವ ಹುಡುಗಿಗೆ ಆ ಕಲೆಯನ್ನು ಮರೆಮಾಡುವ ಚಿಕಿತ್ಸೆ ಬರಿಯ ಶೋಕಿ ಎನ್ನಲಾಗದು.

ಅಮೆರಿಕದ ಕೊಲರಾಡೋ ಸ್ಪ್ರಿಂಗ್ಸ್‌ನಲ್ಲಿ ಇಂಥ ಕಲೆಗಳನ್ನು ಕಂಡು ಫ್ರೆಡರಿಕ್ ಮೆಕ್ಕೆ ಎಂಬ ದಂತವೈದ್ಯರು 20ನೆಯ ಶತಮಾನದ ಆರಂಭದಲ್ಲಿ ಅಧ್ಯಯನ ತೊಡಗಿದರು. ನೀರಿನ ಫ್ಲೋರೈಡೇ ಕಾರಣವೆಂದು 1931ರಲ್ಲಿ ತಿಳಿಯಿತು. ಭಾರತದಲ್ಲಿ ಫ್ಲೋರೋಸಿಸ್‌ನ ಮೊದಲ ವರದಿ 1937ರಲ್ಲಿ ಅಂದಿನ ಮದರಾಸು ಪ್ರಾಂತದ ನೆಲ್ಲೂರಿನಿಂದ ಬಂತು. ಒಂದು ಲೀಟರ್ ಕುಡಿಯುವ ನೀರಿನಲ್ಲಿ ಫ್ಲೋರೈಡ್ 1.5 ಮಿಲಿಗ್ರಾಂ ಮೀರಬಾರದೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ.

ಹೆಚ್ಚು ಫ್ಲೋರೈಡ್ ಸೇರಿದ ಎನಾಮೆಲ್ ಆಮ್ಲಕ್ಕೆ ಸುಲಭವಾಗಿ ಬಗ್ಗುವುದಿಲ್ಲ. ಹೀಗಾಗಿ ಇಂಥ ಹಲ್ಲಿಗೆ ಬಾಂಡಿಂಗ್ ಮಾಡುವಾಗ ಆಮ್ಲವನ್ನು ಹೆಚ್ಚು ಹೊತ್ತು ಇಡುವುದು, ಮೇಲ್ಪದರವನ್ನು ತುಸು ಅರೆಯುವುದು ಬೇಕಾಗಬಹುದು. ಇನ್ನೊಂದು ಮಾತು: ಮುಂದಿನ ಶಾಶ್ವತ ಹಲ್ಲುಗಳ ಎನಾಮೆಲ್ ರೂಪುಗೊಳ್ಳುವುದು ಎಳೆಯ ವಯಸ್ಸಿನಲ್ಲಿ, ದವಡೆಯ ಒಳಗೇ. ಕಲೆ ಕಣ್ಣಿಗೆ ಬೀಳುವ ಹೊತ್ತಿಗೆ ಹಾನಿ ಆಗಿಹೋಗಿರುತ್ತದೆ. ಬಾಂಡಿಂಗ್ ಒಬ್ಬಳ ಕಲೆಯನ್ನು ಮುಚ್ಚಬಲ್ಲದು. ಅವಳ ತಮ್ಮನ ಹಲ್ಲನ್ನು ಕಾಯುವುದು ಶುದ್ಧ ನೀರು ಮಾತ್ರ.

ಇಂದಿನ ಮಾತು

2013ರ ಮಿನಮಾಟ ಒಪ್ಪಂದದಲ್ಲಿ ಪಾದರಸದ ಬಳಕೆಯನ್ನು ತಗ್ಗಿಸಲು ರಾಷ್ಟ್ರಗಳು ಒಪ್ಪಿದವು. ಅಮಾಲ್ಗಮ್ ಕೂಡ ಆ ಪಟ್ಟಿಯಲ್ಲಿದೆ. ಕಾಂಪೋಸಿಟ್‌ನ ಬಳಕೆ ಹೆಚ್ಚಲು ಇದೂ ಒಂದು ಕಾರಣ. ಹಾಗೆಂದು ಬಾಂಡಿಂಗ್ ಶಾಶ್ವತವಲ್ಲ. ಅದರ ಬಾಳಿಕೆ ಸಾಮಾನ್ಯವಾಗಿ ಕೆಲವು ವರ್ಷ. ಚಹಾ, ಕಾಫಿ, ಎಲೆಅಡಿಕೆಗಳಿಂದ ಬಣ್ಣಗೆಡುತ್ತದೆ. ಉಗುರು ಕಡಿದರೆ, ಹಲ್ಲಿನಿಂದ ಬಾಟಲಿ ಮುಚ್ಚಳ ತೆಗೆದರೆ ಚಕ್ಕೆ ಏಳುತ್ತದೆ. ಆದರೆ ಕೆಳಗಿನ ಹಲ್ಲು ಬಹುಪಾಲು ಹಾಗೆಯೇ ಉಳಿದಿರುವುದರಿಂದ ಮತ್ತೆ ತಿದ್ದಬಹುದು. ಅರೆದು ಕ್ಯಾಪ್ ಹಾಕಿದ ಹಲ್ಲಿಗೆ ಈ ಅವಕಾಶವಿಲ್ಲ. ಆರೋಗ್ಯವಾಗಿರುವ ಹಲ್ಲನ್ನು ಚೆಂದಕ್ಕಾಗಿ ಅರೆಯಲು ಯಾರಾದರೂ ಸಲಹೆ ಮಾಡಿದರೆ, ಎಷ್ಟು ಎನಾಮೆಲ್ ಹೋಗುತ್ತದೆ, ಅರೆಯದೆ ಆಗುವುದಿಲ್ಲವೇ ಎಂದು ಕೇಳಲು ಸಂಕೋಚಪಡಬೇಡಿ.

ವಿದ್ಯಾರ್ಥಿಗಳಿಗೆ ಕೊನೆಯದಾಗಿ ಒಂದು ಉಪಯುಕ್ತ ಮಾಹಿತಿ. ಆಟದಲ್ಲಿ ಹಲ್ಲಿನ ಚೂರು ಮುರಿದು ಬಿದ್ದರೆ ಅದನ್ನು ಎಸೆಯಬೇಡಿ. ಒಣಗಲು ಬಿಡದೆ ಹಾಲಿನಲ್ಲಿಯೋ ಶುದ್ಧ ನೀರಿನಲ್ಲಿಯೋ ಹಾಕಿಕೊಂಡು ಬೇಗನೆ ದಂತವೈದ್ಯರಲ್ಲಿಗೆ ಹೋಗಿ. ಚೂರು ಸರಿಯಾಗಿ ಹೊಂದಿಕೊಂಡರೆ, ಬುವೊನೊಕೋರ್ ತೋರಿಸಿಕೊಟ್ಟ ಆಮ್ಲದ ವಿಧಾನದಿಂದಲೇ ನಿಮ್ಮದೇ ಹಲ್ಲನ್ನು ನಿಮಗೆ ಮತ್ತೆ ಅಂಟಿಸಿಕೊಡಲು ಸಾಧ್ಯ.