ಫೋರ್ ವೀಲ್ ಡ್ರೈವ್ ಇದ್ದರೆ ಹೊಳೆ ದಾಟಬಹುದೇ? ವಿಡಿಯೋ ಫಾರ್ವರ್ಡ್ ಮಾಡುವ ಮುನ್ನ ಇದನ್ನು ಓದಿ

2023ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್ ರಜೆಯ ಹೊತ್ತಿಗೆ, ಹಿಮಾಚಲ ಪ್ರದೇಶದ ಲಾಹೌಲ್-ಸ್ಪಿತಿ ಜಿಲ್ಲೆಯ ಒಂದು ವಿಡಿಯೋ ದೇಶದ ತುಂಬಾ ಹರಿದಾಡಿತು. ರಸ್ತೆಯಲ್ಲಿನ ಟ್ರಾಫಿಕ್ ಜಾಮ್ ತಪ್ಪಿಸಿಕೊಳ್ಳಲು ಒಂದು ಥಾರ್ ನೇರವಾಗಿ ಚಂದ್ರಾ ನದಿಗೆ ಇಳಿದು ಸಾಗುತ್ತಿತ್ತು. ಜಿಲ್ಲಾ ಪೊಲೀಸರು ಮೋಟಾರು ವಾಹನ ಕಾಯ್ದೆಯಡಿ ಅದಕ್ಕೆ ಚಲನ್ ಹಾಕಿದರು. ಆದರೆ ಗ್ರೂಪುಗಳಲ್ಲಿ ವಿಡಿಯೋ ಓಡಿದಷ್ಟು ವೇಗವಾಗಿ ಚಲನ್ ಸುದ್ದಿ ಓಡಲಿಲ್ಲ.

ಮಳೆಗಾಲ ಬಂತೆಂದರೆ ಇಂಥ ವಿಡಿಯೋಗಳು ಮತ್ತೆ ಮತ್ತೆ ಬರುತ್ತವೆ. ‘ಫೋರ್ ಬೈ ಫೋರ್ ಇದ್ದರೆ ಯಾವ ನೀರಿಗೂ ಹೆದರಬೇಕಿಲ್ಲ’, ‘ಮಳೆಯಲ್ಲಿ ಫೋರ್ ವೀಲ್ ಹಾಕಿದರೆ ಗಾಡಿ ಸ್ಕಿಡ್ ಆಗುವುದಿಲ್ಲ’ ಎಂಬ ಮಾತುಗಳೂ ಜೊತೆಗೆ ಬರುತ್ತವೆ. ಇದರಲ್ಲಿ ಎಷ್ಟು ನಿಜ?

ಚಿಕ್ಕ ಉತ್ತರ: ಫೋರ್ ವೀಲ್ ಡ್ರೈವ್ ಗಾಡಿಯನ್ನು ಹೊರಡಿಸಲು, ಹತ್ತಿಸಲು ನೆರವಾಗುತ್ತದೆ. ನಿಲ್ಲಿಸಲು ಆಗುವುದಿಲ್ಲ. ತೇಲದಂತೆ ತಡೆಯಲು ಅಂತೂ ಆಗುವುದೇ ಇಲ್ಲ.

ನಾಲ್ಕು ಚಕ್ರಕ್ಕೂ ಬಲ ಎಂದರೇನು?

ನಮ್ಮ ರಸ್ತೆಗಳಲ್ಲಿರುವ ಬಹುಪಾಲು ಕಾರುಗಳಲ್ಲಿ ಎಂಜಿನ್ನಿನ ಬಲ ಎರಡೇ ಚಕ್ರಗಳಿಗೆ ಹೋಗುತ್ತದೆ. ಎತ್ತರವಾಗಿ, ಗಡುಸಾಗಿ ಕಾಣುವ ಎಸ್‌ಯುವಿಗಳೂ ಇದಕ್ಕೆ ಹೊರತಲ್ಲ. ಕ್ರೆಟಾ, ಬ್ರೆಝಾ, ನೆಕ್ಸಾನ್‌ಗಳಲ್ಲಿ ಮುಂದಿನ ಎರಡು ಚಕ್ರ ಮಾತ್ರ ಎಳೆಯುತ್ತವೆ. ಥಾರ್‌ನಲ್ಲೂ 2023ರ ಜನವರಿಯಿಂದ ಹಿಂದಿನ ಎರಡು ಚಕ್ರ ಮಾತ್ರ ತಳ್ಳುವ ಮಾದರಿ ಬಂದಿದೆ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಥರ. ವಿಡಿಯೋದಲ್ಲಿನ ಥಾರ್ ನೋಡಿ ‘ನನ್ನದೂ ಥಾರೇ ತಾನೆ’ ಎಂದುಕೊಳ್ಳುವವರು ಮೊದಲು ಗಾಡಿಯೊಳಗೆ ಗೇರಿನ ಪಕ್ಕ ಇನ್ನೊಂದು ಚಿಕ್ಕ ಗೇರ್ ಇದೆಯೇ ನೋಡಿಕೊಳ್ಳಬೇಕು.

ಆ ಚಿಕ್ಕ ಗೇರನ್ನು ಕೊಡಗು, ಚಿಕ್ಕಮಗಳೂರಿನ ತೋಟದ ಜೀಪು ಓಡಿಸುವವರಿಗೆ ಹೊಸದಾಗಿ ಪರಿಚಯಿಸಬೇಕಿಲ್ಲ. 2 ಹೈ ಎಂದರೆ ಎರಡು ಚಕ್ರಕ್ಕೆ ಬಲ. 4 ಹೈ ಎಂದರೆ ನಾಲ್ಕಕ್ಕೂ. 4 ಲೋ ಎಂದರೆ ನಾಲ್ಕಕ್ಕೂ ಬಲ, ಜೊತೆಗೆ ವೇಗ ಸುಮಾರು ಎರಡೂವರೆ ಪಟ್ಟು ಕಡಿಮೆಯಾಗಿ ಚಕ್ರದ ತಿರುಚುಬಲ ಅಷ್ಟೇ ಪಟ್ಟು ಹೆಚ್ಚು. ಕಡಿದಾದ ಏರಿನಲ್ಲಿ ಉಪಕಾರಕ್ಕೆ ಬರುವುದು ಇದು. ಇಳಿಜಾರಿನಲ್ಲಿ ಇನ್ನೂ ಹೆಚ್ಚು: ಬ್ರೇಕ್ ಮುಟ್ಟದೆ ಎಂಜಿನ್ನೇ ಗಾಡಿಯನ್ನು ಹಿಡಿದುಕೊಳ್ಳುತ್ತದೆ.

ಹಾಗಾದರೆ ನಾಲ್ಕೂ ಚಕ್ರಕ್ಕೆ ಬಲ ಇದ್ದರೂ ಗಾಡಿ ಕೆಸರಿನಲ್ಲಿ ಸಿಕ್ಕಿಕೊಳ್ಳುವುದೇಕೆ? ಕಾರಣ ಡಿಫರೆನ್ಷಿಯಲ್. ತಿರುವಿನಲ್ಲಿ ಹೊರಬದಿಯ ಚಕ್ರ ಒಳಬದಿಯದಕ್ಕಿಂತ ಹೆಚ್ಚು ದೂರ ಓಡಬೇಕು. ಎರಡೂ ಬೇರೆ ಬೇರೆ ವೇಗದಲ್ಲಿ ತಿರುಗಲು ಡಿಫರೆನ್ಷಿಯಲ್ ಅವಕಾಶ ಕೊಡುತ್ತದೆ. ರಸ್ತೆಯಲ್ಲಿ ಇದು ವರ, ಕೆಸರಿನಲ್ಲಿ ತೊಂದರೆ. ಅದು ಎರಡೂ ಬದಿಗೆ ಸಮನಾದ ಬಲವನ್ನೇ ಹಂಚುತ್ತದೆ. ಜಾರುತ್ತಿರುವ ಚಕ್ರ ಎಷ್ಟು ಬಲ ತಡೆದುಕೊಳ್ಳುತ್ತದೋ ಇನ್ನೊಂದಕ್ಕೂ ಅಷ್ಟೇ ಸಿಗುತ್ತದೆ. ಗಾಳಿಯಲ್ಲಿ ನೇತಾಡುವ ಚಕ್ರ ಏನನ್ನೂ ತಡೆದುಕೊಳ್ಳುವುದಿಲ್ಲವಲ್ಲ, ಹಾಗಾಗಿ ಅದು ಸುಮ್ಮನೆ ಗಿರಗಿರ ತಿರುಗುತ್ತದೆ, ಗಟ್ಟಿ ನೆಲದ ಮೇಲಿರುವ ಚಕ್ರ ಅಲುಗಾಡದೆ ಕೂರುತ್ತದೆ. ಮುಂದೊಂದು, ಹಿಂದೊಂದು ಚಕ್ರಕ್ಕೆ ಹೀಗಾದರೆ ಫೋರ್ ವೀಲ್ ಡ್ರೈವ್ ಗಾಡಿಯೂ ನಿಂತಲ್ಲೇ ನಿಲ್ಲುತ್ತದೆ.

ಇದಕ್ಕೆ ಎರಡು ಪರಿಹಾರಗಳಿವೆ. ಎರಡೂ ಚಕ್ರಗಳನ್ನು ಒಟ್ಟಿಗೆ ಬಿಗಿಯುವ ಡಿಫರೆನ್ಷಿಯಲ್ ಲಾಕ್ ಹಳೆಯದು. ಜಾರುವ ಚಕ್ರಕ್ಕೆ ಮಾತ್ರ ಕಂಪ್ಯೂಟರ್ ಬ್ರೇಕ್ ಹಾಕಿ, ಬಲ ಇನ್ನೊಂದು ಬದಿಗೆ ಹೋಗುವಂತೆ ಮಾಡುವುದು ಹೊಸದು. ಈಗಿನ ಗಾಡಿಗಳಲ್ಲಿ ಎರಡನೆಯದೇ ಹೆಚ್ಚು. ಇಳಿಜಾರಿನಲ್ಲಿ ತಾನಾಗಿ ಬ್ರೇಕ್ ಹಿಡಿದು ಬಿಡುವ ಹಿಲ್ ಡಿಸೆಂಟ್ ಕಂಟ್ರೋಲ್ 1997ರಲ್ಲಿ ಲ್ಯಾಂಡ್ ರೋವರ್ ಫ್ರೀಲ್ಯಾಂಡರ್‌ನಲ್ಲಿ ಬಂತು. ಮರಳು, ಕೆಸರು, ಕಲ್ಲು ಎಂದು ಗುಂಡಿ ತಿರುಗಿಸಿ ಆರಿಸುವ ವ್ಯವಸ್ಥೆ 2004ರ ಡಿಸ್ಕವರಿ 3ರಲ್ಲಿ ಬಂತು. ಚಾಲಕ ವರ್ಷಗಟ್ಟಲೆ ಕಲಿಯುತ್ತಿದ್ದ ಕೆಲಸವನ್ನು ಇವು ಸೆಕೆಂಡಿನೊಳಗೆ ಮಾಡುತ್ತವೆ, ಅದೂ ಚೆನ್ನಾಗಿಯೇ ಮಾಡುತ್ತವೆ. ಆದರೆ ನೀರಿನಡಿ ಏನಿದೆ ಎಂದು ಯಾವ ಕಂಪ್ಯೂಟರಿಗೂ ಕಾಣುವುದಿಲ್ಲ.

ಮಳೆಯಲ್ಲಿ ಫೋರ್ ವೀಲ್ ಹಾಕಿದರೆ ಸ್ಕಿಡ್ ಆಗುವುದಿಲ್ಲವೇ?

ಬ್ರೇಕ್ ಎಲ್ಲ ಕಾರುಗಳಲ್ಲೂ ನಾಲ್ಕು ಚಕ್ರಕ್ಕೇ ಇರುತ್ತದೆ. ಗಾಡಿ ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ವೇಗದ ಮೇಲೆ, ಟೈರು ಮತ್ತು ರಸ್ತೆಯ ನಡುವಿನ ಹಿಡಿತದ ಮೇಲೆ ನಿಂತಿದೆ. ಹಿಡಿತ ಅರ್ಧಕ್ಕಿಳಿದರೆ ಬ್ರೇಕ್ ಒತ್ತಿದ ಮೇಲೆ ಓಡುವ ದೂರ ಇಮ್ಮಡಿಯಾಗುತ್ತದೆ, ಗಾಡಿ ಯಾವುದೇ ಇರಲಿ. ಫೋರ್ ವೀಲ್ ಡ್ರೈವ್ ಇಲ್ಲಿ ಒಂದು ರೀತಿಯಲ್ಲಿ ದಾರಿ ತಪ್ಪಿಸುತ್ತದೆ: ಒದ್ದೆ ರಸ್ತೆಯಲ್ಲೂ ಸಲೀಸಾಗಿ ವೇಗ ಹೆಚ್ಚುವುದರಿಂದ ಹಿಡಿತ ಕಡಿಮೆ ಇದೆ ಎಂಬುದೇ ಚಾಲಕನಿಗೆ ಗೊತ್ತಾಗುವುದಿಲ್ಲ. ಗೊತ್ತಾಗುವುದು ಬ್ರೇಕ್ ಒತ್ತಿದಾಗ.

ಇನ್ನೊಂದು ವಿಷಯ. ಥಾರ್‌ನಂಥ ಗಾಡಿಗಳಲ್ಲಿ 4 ಹೈ ಹಾಕಿದಾಗ ಮುಂದಿನ, ಹಿಂದಿನ ಆಕ್ಸಲ್‌ಗಳು ಒಂದಕ್ಕೊಂದು ಬಿಗಿದುಕೊಳ್ಳುತ್ತವೆ. ಒಣ ಡಾಂಬರು ರಸ್ತೆಯಲ್ಲಿ ಹಾಗೇ ತಿರುವು ತೆಗೆದುಕೊಂಡರೆ ಟೈರು ಜಾರಿ ಸರಿದೂಗಿಸಲು ಜಾಗವಿಲ್ಲ. ಒತ್ತಡವೆಲ್ಲ ಗೇರುಗಳ ಮೇಲೆ ಬೀಳುತ್ತದೆ, ಸ್ಟೇರಿಂಗ್ ಬಿಗಿಯಾಗುತ್ತದೆ. ಸದಾಕಾಲ ನಾಲ್ಕೂ ಚಕ್ರಕ್ಕೆ ಬಲ ಹೋಗುವ ಆಲ್ ವೀಲ್ ಡ್ರೈವ್ ಗಾಡಿಗಳಿಗೆ ಈ ಸಮಸ್ಯೆ ಇಲ್ಲ. ನಿಮ್ಮದು ಯಾವುದು ಎಂಬುದು ಗಾಡಿಯ ಕೈಪಿಡಿಯಲ್ಲಿರುತ್ತದೆ.

ನೀರಿನ ಲೆಕ್ಕ

ಅತಿ ಹೆಚ್ಚು ಹಂಚಿಕೆಯಾಗುವುದೂ, ಅತಿ ಅಪಾಯದ್ದೂ ನೀರಿನ ವಿಡಿಯೋಗಳೇ. ಥಾರ್ ಫೋರ್ ಬೈ ಫೋರ್‌ಗೆ ಕಂಪನಿ ಹೇಳುವ ನೀರಿನ ಆಳದ ಮಿತಿ 650 ಮಿಲಿಮೀಟರ್. ಹೊಸ ಲ್ಯಾಂಡ್ ರೋವರ್ ಡಿಫೆಂಡರ್‌ಗೆ, ಏರ್ ಸಸ್ಪೆನ್ಷನ್ ಇದ್ದರೆ, 900 ಮಿಲಿಮೀಟರ್. ಈ ಅಂಕಿಗಳು ಸುಳ್ಳಲ್ಲ. ಆದರೆ ಇವು ನಿಂತ ನೀರಿಗೆ, ಗಟ್ಟಿ ತಳಕ್ಕೆ, ಜನ ನಡೆಯುವಷ್ಟು ನಿಧಾನದ ವೇಗಕ್ಕೆ ಹೊಂದುವ ಅಂಕಿಗಳು. ಹರಿಯುವ ಹೊಳೆಗೆ ಅಲ್ಲ.

ಯಾಕೆ ಅಲ್ಲ? ಶಾಲೆಯಲ್ಲಿ ಓದಿದ ಆರ್ಕಿಮಿಡೀಸ್ ತತ್ವವನ್ನು ನೆನಪಿಸಿಕೊಳ್ಳಿ. ಮುಳುಗಿದ ವಸ್ತು ಎಷ್ಟು ನೀರನ್ನು ಪಕ್ಕಕ್ಕೆ ಸರಿಸುತ್ತದೋ ಅಷ್ಟು ನೀರಿನ ತೂಕದಷ್ಟು ಮೇಲ್ಮುಖ ಬಲ ಅದರ ಮೇಲೆ ಬೀಳುತ್ತದೆ. ಗಾಡಿಯ ತಳ ಸುಮಾರು 5 ಚದರ ಮೀಟರ್ ಎಂದಿಟ್ಟುಕೊಳ್ಳಿ. ನೀರು ತಳ ಮುಟ್ಟಿದ ಮೇಲೆ ಏರುವ ಪ್ರತಿ 10 ಸೆಂಟಿಮೀಟರಿಗೆ, ಒಳಗೆ ನೀರು ನುಗ್ಗದಿದ್ದರೆ, ಸುಮಾರು 500 ಕಿಲೋ ತೂಕವನ್ನು ನೀರೇ ಎತ್ತಿಕೊಳ್ಳುತ್ತದೆ. ಗಾಡಿಯ ತೂಕ ಒಂದೂಮುಕ್ಕಾಲು ಟನ್ ಇದ್ದರೂ ಟೈರುಗಳ ಮೇಲೆ ಉಳಿಯುವ ಭಾರ ಬೇಗ ಬೇಗ ಕರಗುತ್ತದೆ. ಭಾರ ಹೋದರೆ ಹಿಡಿತ ಹೋಯಿತು. ಹಿಡಿತ ಹೋದ ಮೇಲೆ ಎರಡು ಚಕ್ರಕ್ಕೆ ಬಲ ಇದ್ದರೇನು, ನಾಲ್ಕಕ್ಕೆ ಇದ್ದರೇನು? ಪಕ್ಕದಿಂದ ತಳ್ಳುವ ಪ್ರವಾಹಕ್ಕೆ ಗಾಡಿ ಒಂದು ದೋಣಿ, ಅದೂ ಹುಟ್ಟಿಲ್ಲದ ದೋಣಿ. ಬಾಗಿಲು ಬಿಗಿಯಾಗಿ ಮುಚ್ಚಿಕೊಳ್ಳುವ ಹೊಸ ಗಾಡಿಗಳು ಈ ವಿಷಯದಲ್ಲಿ ಹಳೆಯ ಬಯಲು ಜೀಪಿಗಿಂತ ಬೇಗ ತೇಲುತ್ತವೆ.

ಅಮೆರಿಕದ ರಾಷ್ಟ್ರೀಯ ಹವಾಮಾನ ಸೇವೆ ಕೊಡುವ ಎಚ್ಚರಿಕೆ ಹೀಗಿದೆ: ರಭಸದಿಂದ ಹರಿಯುವ ಒಂದು ಅಡಿ ನೀರು ಬಹುತೇಕ ಕಾರುಗಳನ್ನು ಕೊಚ್ಚಿಕೊಂಡು ಹೋಗಬಲ್ಲದು, ಎರಡು ಅಡಿ ನೀರು ಎಸ್‌ಯುವಿಗಳನ್ನೂ ಟ್ರಕ್ಕುಗಳನ್ನೂ. ಎರಡು ಅಡಿ ಎಂದರೆ ಸುಮಾರು 610 ಮಿಲಿಮೀಟರ್. ಥಾರ್‌ನ ‘ಮಿತಿ’ಗಿಂತ ಕಡಿಮೆ.

ಚಂದ್ರಾ ನದಿಯ ವಿಡಿಯೋ ಡಿಸೆಂಬರಿನದು ಎಂಬುದನ್ನೂ ಗಮನಿಸಬೇಕು. ಹಿಮ, ಹಿಮನದಿ ಕರಗಿದ ನೀರಿನಿಂದ ತುಂಬುವ ನದಿ ಅದು. ಚಳಿಗಾಲದಲ್ಲಿ ಸೊರಗುತ್ತದೆ, ಬೇಸಿಗೆಯಲ್ಲಿ ಉಕ್ಕುತ್ತದೆ. ನಮ್ಮ ಮಲೆನಾಡು, ಕರಾವಳಿಯ ಹೊಳೆಗಳ ಕಥೆ ಬೇರೆ: ಅವು ಉಕ್ಕುವುದು ಮಳೆಗಾಲದಲ್ಲಿ, ಘಟ್ಟದ ಮೇಲೆ ಮಳೆ ಸುರಿದರೆ ಕೆಳಗೆ ಬಿಸಿಲಿದ್ದರೂ ನೀರು ಏರುತ್ತದೆ. ಮುಳುಗಿದ ಸೇತುವೆಯ ಮೇಲೆ ಕೆಂಪು ನೀರು ಹರಿಯುವಾಗ ರಸ್ತೆಯ ಅಂಚು ಎಲ್ಲಿದೆ, ಅಂಚು ಇನ್ನೂ ಇದೆಯೇ ಎಂಬುದೇ ತಿಳಿಯುವುದಿಲ್ಲ. ಇನ್ನೊಂದು ಸೂಕ್ಷ್ಮ: ದಾಟಿ ಹೋದವರು ವಿಡಿಯೋ ಹಾಕುತ್ತಾರೆ. ಅರ್ಧದಲ್ಲಿ ಮನಸ್ಸು ಬದಲಿಸಿ ರಿವರ್ಸ್ ಬಂದವರು ಹಾಕುವುದಿಲ್ಲ.

ದುಡ್ಡು ಕೊಟ್ಟು ಕಲಿಯುವುದು ಏನು?

ಆಫ್‌ರೋಡ್ ಚಾಲನೆ ತಪ್ಪೇನಲ್ಲ. ಅದಕ್ಕೆಂದೇ ಜಾಗಗಳಿವೆ. ಇಂಗ್ಲೆಂಡಿನ ಸೋಲಿಹಲ್, ಈಸ್ಟ್‌ನರ್ ಕ್ಯಾಸಲ್‌ನಲ್ಲಿ ಲ್ಯಾಂಡ್ ರೋವರ್‌ನ ಅನುಭವ ಕೇಂದ್ರಗಳಿವೆ. ನಮ್ಮಲ್ಲಿ ಮಹಾರಾಷ್ಟ್ರದ ಇಗತ್‌ಪುರಿಯಲ್ಲಿ ಮಹೀಂದ್ರಾದ ಆಫ್‌ರೋಡ್ ತರಬೇತಿ ಅಕಾಡೆಮಿ ಇದೆ. ಇಂಥ ಕಡೆ ತರಬೇತುದಾರ ಪಕ್ಕದಲ್ಲೇ ಇರುತ್ತಾರೆ. ಹೊಂಡ, ಏರು, ಓರೆ ನೆಲ, ನೀರಿನ ಕೊಳ ಎಲ್ಲವೂ ಅಳೆದು ಮಾಡಿದವು. ಕೊಳದ ಆಳ ಎಷ್ಟು, ತಳ ಎಂಥದ್ದು ಎಂದು ಗೊತ್ತಿರುತ್ತದೆ. ಸಿಕ್ಕಿಕೊಂಡರೆ ಎಳೆಯಲು ಇನ್ನೊಂದು ಗಾಡಿ ತಯಾರಿರುತ್ತದೆ. ಹೊಳೆಗೂ ಈ ಕೊಳಕ್ಕೂ ಇರುವ ವ್ಯತ್ಯಾಸ ಇಷ್ಟೇ, ಆದರೆ ಎಲ್ಲವೂ ಇದರಲ್ಲೇ ಇದೆ.

ಅಲ್ಲಿ ಹೇಳಿಕೊಡುವ ಪಾಠಗಳು ರೋಮಾಂಚನದವಲ್ಲ, ನಿಧಾನದವು. ಗಾಡಿಯಿಂದ ಇಳಿದು ಮೊದಲು ದಾರಿ ನಡೆದು ನೋಡಿ. ಹೆಬ್ಬೆರಳನ್ನು ಸ್ಟೇರಿಂಗ್ ಚಕ್ರದ ಒಳಗೆ ಸಿಕ್ಕಿಸಬೇಡಿ, ಚಕ್ರ ಕಲ್ಲಿಗೆ ಬಡಿದರೆ ಸ್ಟೇರಿಂಗ್ ತಿರುಗಿ ಬೆರಳು ಮುರಿಯುತ್ತದೆ. ಏರಿನ ಮಧ್ಯೆ ಎಂಜಿನ್ ನಿಂತರೆ ಗಾಡಿಯನ್ನು ಅಡ್ಡ ತಿರುಗಿಸಬೇಡಿ, ಪಲ್ಟಿಯಾಗುವುದು ಅಲ್ಲೇ. ರಿವರ್ಸ್ ಗೇರ್‌ನಲ್ಲಿ, ಬಂದ ದಾರಿಯಲ್ಲೇ ನೇರವಾಗಿ ಇಳಿಸಿ, ನ್ಯೂಟ್ರಲ್‌ನಲ್ಲಿ ಎಂದೂ ಬೇಡ. ಹಗ್ಗ ಕಟ್ಟಿ ಎಳೆಯುವಾಗ ಸುತ್ತ ನಿಂತವರು ದೂರ ಸರಿಯಬೇಕು, ಏಕೆಂದರೆ ಬಿಗಿದ ಹಗ್ಗವೋ ಕೊಂಡಿಯೋ ಕಿತ್ತರೆ ಗುಂಡಿನಂತೆ ಬರುತ್ತದೆ. ಮೊಬೈಲ್ ಹಿಡಿದು ಹಗ್ಗದ ಪಕ್ಕವೇ ನಿಂತವರನ್ನು ಎಷ್ಟೋ ವಿಡಿಯೋಗಳಲ್ಲಿ ನಾವು ನೋಡಿದ್ದೇವೆ.

ನೀರಿನಲ್ಲಿ ಎಂಜಿನ್ ನಿಂತರೆ

ಮತ್ತೆ ಸ್ಟಾರ್ಟ್ ಮಾಡಬೇಡಿ. ಗಾಳಿ ಎಳೆಯುವ ಕೊಳವೆಯಿಂದ ನೀರು ಸಿಲಿಂಡರಿಗೆ ಹೋಗಿರಬಹುದು. ಗಾಳಿಯನ್ನು ಒತ್ತಿದರೆ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ. ಪಿಸ್ಟನ್ ಮೇಲೇರಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ, ಎಂಜಿನ್ ಬಿಚ್ಚಬೇಕಾಗುತ್ತದೆ. ಸಾಮಾನ್ಯ ವಿಮೆಯಲ್ಲಿ ಈ ಖರ್ಚು ಹೆಚ್ಚಾಗಿ ಸಿಗುವುದಿಲ್ಲ. ‘ಎಂಜಿನ್ ಪ್ರೊಟೆಕ್ಟ್’ ಎಂಬ ಹೆಚ್ಚುವರಿ ರಕ್ಷಣೆ ಬೇರೆಯಾಗಿ ಕೊಂಡಿರಬೇಕು, ನಿಮ್ಮ ಪಾಲಿಸಿಯಲ್ಲಿ ಇದೆಯೇ ಎಂದು ಮಳೆಗಾಲಕ್ಕೆ ಮುಂಚೆ ನೋಡಿಕೊಳ್ಳಿ. ನೀರು ಏರುತ್ತಿದ್ದರೆ ಗಾಡಿಯ ಆಸೆ ಬಿಟ್ಟು ಬೇಗ ಹೊರಬನ್ನಿ. ಕಿಟಕಿ ಇಳಿಸಲು ವಿದ್ಯುತ್ ಕೆಲಸ ಮಾಡುತ್ತಿರುವಾಗಲೇ ಇಳಿಸಿ, ನೀರಿನ ಒತ್ತಡದಲ್ಲಿ ಬಾಗಿಲು ತೆರೆಯುವುದು ಕಷ್ಟ.

ಸುರಕ್ಷಿತವಾಗಿ ದಾಟಿದ್ದರೂ ಸ್ವಲ್ಪ ದೂರ ಬ್ರೇಕನ್ನು ಮೆಲ್ಲಗೆ ಒತ್ತಿ ಒಣಗಿಸಿಕೊಳ್ಳಬೇಕು. ಮುಂದಿನ ಸರ್ವೀಸಿಗೆ ಕಾಯದೆ ಆಕ್ಸಲ್ ಮತ್ತು ಗೇರ್‌ಬಾಕ್ಸಿನ ಎಣ್ಣೆ ನೋಡಿಸಿ. ಎಣ್ಣೆ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಹೋಗಿದೆ ಎಂದರ್ಥ, ಅಂದೇ ಬದಲಿಸಬೇಕು.