ಹೆದ್ದಾರಿ ಬಿಟ್ಟು ಹೊಳೆಯ ದಾರಿ



ಕರಾವಳಿಯ ಇತಿಹಾಸ ಕುರಿತ ನಮ್ಮ ಮಾತುಕತೆಯನ್ನು ನೋಡಿದ ಮೇಲೆ ಆ ಸ್ಥಳಗಳನ್ನು ಕಣ್ಣಾರೆ ಕಾಣುವ ಆಸೆ ನಿಮ್ಮಲ್ಲಿ ಕೆಲವರಿಗಾದರೂ ಹುಟ್ಟಿರಬಹುದು. ಕಾಲೇಜು ಪ್ರವಾಸಕ್ಕೆ ನಾಲ್ಕು ದಿನ ಸಿಕ್ಕಿತೆಂದು ಇಟ್ಟುಕೊಳ್ಳಿ. ನಕ್ಷೆ ಬಿಡಿಸಿದ ಕೂಡಲೇ ನಿಮ್ಮ ಬೆರಳು ಮಂಗಳೂರಿನಿಂದ ಕಾರವಾರದವರೆಗೆ ರಾಷ್ಟ್ರೀಯ ಹೆದ್ದಾರಿಯ ಮೇಲೆ ಜಾರುತ್ತದೆ. ಹಿಂದೆ 17 ಎನ್ನಿಸಿಕೊಂಡಿದ್ದ, ಈಗ 66 ಆಗಿರುವ ದಾರಿ. ಸುಮಾರು 270 ಕಿ.ಮೀ. ಅದನ್ನು ನಾಲ್ಕರಿಂದ ಭಾಗಿಸಿದರೆ ಯೋಜನೆ ಮುಗಿಯಿತು ಎನಿಸುತ್ತದೆ.

ಆ ತಪ್ಪನ್ನು ನಾವೂ ಒಮ್ಮೆ ಮಾಡಿದ್ದೆವು. ಕ್ಯಾಮೆರಾ ತಂಡದೊಡನೆ ಹೆದ್ದಾರಿ ಹಿಡಿದು ಬಂದರಿನಿಂದ ಬಂದರಿಗೆ ಓಡಿದೆವು. ಹಿಂತಿರುಗಿ ಸಂಕಲನದ ಕೋಣೆಯಲ್ಲಿ ಕುಳಿತು ನೋಡಿದರೆ, ವಿವರಣೆಯಲ್ಲಿ ಮತ್ತೆ ಮತ್ತೆ ಕರಿಮೆಣಸಿನ ಮಾತು. ಚಿತ್ರದಲ್ಲಿ ಒಂದು ಮೆಣಸಿನ ಬಳ್ಳಿಯೂ ಇಲ್ಲ! ಪೋರ್ಚುಗೀಸರು ಬಂದರು, ಇಂಗ್ಲಿಷರು ಬಂದರು ಎಂದು ಹೇಳಿದ್ದೆವು. ಯಾರ ಬಳಿಗೆ, ಯಾವುದನ್ನು ಅರಸಿ ಬಂದರು ಎಂಬುದನ್ನು ತೋರಿಸಿರಲಿಲ್ಲ. ಹಡಗಿನಿಂದ ದಡವನ್ನು ನೋಡಿದವರ ಇತಿಹಾಸವಾಗಿತ್ತು ಅದು.

ಕಾರಣ ನಕ್ಷೆಯಲ್ಲೇ ಇದೆ. ಹೆದ್ದಾರಿ ದಕ್ಷಿಣೋತ್ತರವಾಗಿ ಓಡುತ್ತದೆ. ಹಳೆಯ ವ್ಯಾಪಾರ ಬಹುಮಟ್ಟಿಗೆ ಪೂರ್ವ ಪಶ್ಚಿಮವಾಗಿ ಸಾಗಿತ್ತು. ಘಟ್ಟದ ಮೆಣಸು ಎತ್ತುಗಳ ಬೆನ್ನ ಮೇಲೆ ಇಳಿದು, ಹೊಳೆಯಲ್ಲಿ ದೋಣಿ ಹತ್ತಿ, ಅಳಿವೆಯಲ್ಲಿ ಹಡಗು ಸೇರುತ್ತಿತ್ತು. ವಿಜಯನಗರದ ಕುದುರೆಗಳು ಕಡಲು ದಾಟಿ ಬಂದು ಘಟ್ಟ ಹತ್ತುತ್ತಿದ್ದವು. ಪಟ್ಟಣಗಳು ಬೆಳೆದದ್ದು ಹೊಳೆ ಕಡಲನ್ನು ಕೂಡುವಲ್ಲಿ, ಇಲ್ಲವೇ ದೋಣಿ ಇನ್ನು ಮುಂದೆ ಹೋಗಲಾರದು ಎನ್ನುವಲ್ಲಿ. ಹೆದ್ದಾರಿ ಇವೆರಡರ ನಡುವೆ ಸೇತುವೆಯ ಮೇಲೆ ಅರ್ಧ ನಿಮಿಷದಲ್ಲಿ ದಾಟಿಬಿಡುತ್ತದೆ.

ಆದ್ದರಿಂದ ಕಿಲೋಮೀಟರುಗಳನ್ನು ಬಿಟ್ಟು ಸೇತುವೆಗಳನ್ನು ಎಣಿಸಿ. ದಿನಕ್ಕೆ ಒಂದೆರಡು ಹೊಳೆ ಸಾಕು. ಪ್ರತಿ ಹೊಳೆಯ ಬಳಿಯೂ ಕೇಳಿಕೊಳ್ಳಿ: ಅಳಿವೆಯಲ್ಲಿ ಏನಿದೆ? ಹೊಳೆಯ ಮೇಲ್ಭಾಗದಲ್ಲಿ ಏನಿದೆ? ಘಟ್ಟ ಹತ್ತುವ ದಾರಿ ಎಲ್ಲಿದೆ? ಹೊರಡುವುದು ನವೆಂಬರ್‌ನಿಂದ ಜನವರಿಯೊಳಗೆ. ಮಳೆಗಾಲದಲ್ಲಿ ಹಿಂದಿನ ಹಡಗುಗಳೂ ಇತ್ತ ಸುಳಿಯುತ್ತಿರಲಿಲ್ಲ. ಇಂದಿನ ಹೆದ್ದಾರಿಯೂ ಮಳೆಗೆ ಹೆದರಬೇಕಾದದ್ದೇ. 2024ರ ಜುಲೈಯಲ್ಲಿ ಅಂಕೋಲೆ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಜನ ಸತ್ತದ್ದು ನಿಮಗೆ ನೆನಪಿರಬಹುದು.

ಮೊದಲ ದಿನ ಮಂಗಳೂರು. ಕದ್ರಿಯ ಲೋಕೇಶ್ವರ ವಿಗ್ರಹದ ಪೀಠದಲ್ಲಿ ಆಳುಪ ಅರಸ ಕುಂದವರ್ಮನ ಕ್ರಿ.ಶ. 968ರ ಶಾಸನವಿದೆ, ಅದನ್ನು ನೋಡಿಯೇ ಹೊರಡಿ. ಬಳಿಕ ಗುರುಪುರ ಹೊಳೆಯ ದಂಡೆಯ ಸುಲ್ತಾನ್ ಬತ್ತೇರಿ. ಪ್ರವಾಸಿಗಳು ಇಲ್ಲಿಗೇ ನಿಲ್ಲುತ್ತಾರೆ. ನೀವು ಹೊಳೆಯ ಗುಂಟ ಒಳನಾಡಿಗೆ, ಮಣೇಲ್ ಕಡೆಗೆ ಹೋಗಿ. 1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಅಲ್ಲಿ. ಸಿಂಹಾಸನದ ಮೇಲಲ್ಲ, ಹೊಸದಾಗಿ ತೋಡಿಸುತ್ತಿದ್ದ ಕಾಲುವೆಗಳನ್ನು ನೋಡಲು ಆಕೆ ಬರಿಗಾಲಲ್ಲಿ ನಡೆದು ಬರುತ್ತಿದ್ದಳು ಎಂದು ಆತ ಬರೆದಿದ್ದಾನೆ. ಕುದುರೆಯ ಮೇಲೆ ಕತ್ತಿ ಹಿರಿದ ರಾಣಿಯ ಪ್ರತಿಮೆಗಿಂತ ಈ ಚಿತ್ರವೇ ನನಗೆ ಹೆಚ್ಚು ಇಷ್ಟ.

ಎರಡನೆಯ ದಿನ ಬೆಳಿಗ್ಗೆ ಮೂಡಬಿದಿರೆ, ಕಾರ್ಕಳ. ಸಾವಿರ ಕಂಬದ ಬಸದಿ 1430ರದ್ದು, ಕಾರ್ಕಳದ 42 ಅಡಿಯ ಗೊಮ್ಮಟ 1432ರದ್ದು. ಎರಡು ವರ್ಷಗಳ ಅಂತರದಲ್ಲಿ ಇಷ್ಟು ದೊಡ್ಡ ಕೆಲಸಗಳಿಗೆ ಹಣ ಎಲ್ಲಿಂದ ಬಂತು ಎಂದು ಯೋಚಿಸುತ್ತಾ ಮಧ್ಯಾಹ್ನ ಬಾರಕೂರು, ಬಸರೂರುಗಳಿಗೆ ಇಳಿಯಿರಿ. ಬಸರೂರು ಕಡಲ ದಂಡೆಯ ಊರಲ್ಲ, ಹೊಳೆಯ ಮೇಲಿನ ಬಂದರು. ಇಲ್ಲಿಂದ ಹೋಗುತ್ತಿದ್ದ ಅಕ್ಕಿಯನ್ನು ಗೋವೆಯ ಪೋರ್ಚುಗೀಸರು ನೆಚ್ಚಿಕೊಂಡಿದ್ದರು. 1665ರಲ್ಲಿ ಶಿವಾಜಿ ಕಡಲ ಮೂಲಕ ಬಂದು ಇದನ್ನು ದೋಚಿದ. ದೋಚುವಷ್ಟು ಸಂಪತ್ತು ಇದ್ದ ಊರು ಇಂದು ಎಷ್ಟು ನಿಶ್ಶಬ್ದವಾಗಿದೆ ನೋಡಿ. (ಭಟ್ಕಳವನ್ನು ಬಿಟ್ಟೆನೆಂದು ಅಲ್ಲಿಯವರು ಕೋಪಿಸಿಕೊಳ್ಳಬಾರದು. ಅದಕ್ಕೆ ಬೇರೆಯೇ ಒಂದು ದಿನ ಬೇಕು.)

ಮೂರನೆಯ ದಿನವನ್ನು ಪೂರ್ತಿಯಾಗಿ ಶರಾವತಿಗೆ ಕೊಡಿ. ಹೊನ್ನಾವರದ ಅಳಿವೆಯಲ್ಲಿ ಮೀನು ದೋಣಿಗಳು ಬರುವ ಹೊತ್ತಿಗೆ ಅಲ್ಲಿರಿ. 14ನೆಯ ಶತಮಾನದಲ್ಲಿ ಇಲ್ಲಿಗೆ ಬಂದ ಇಬ್ನ್ ಬತೂತ, ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳನ್ನು ಕಂಡೆನೆಂದು ಬರೆದಿದ್ದಾನೆ. ಈ ಒಂದು ವಾಕ್ಯವನ್ನು ನಿಮ್ಮ ತರಗತಿಯಲ್ಲಿ ಓದಿ ಹೇಳಿ, ಎಷ್ಟು ಪ್ರಶ್ನೆ ಏಳುತ್ತವೆ ನೋಡಿ.

ಅಲ್ಲಿಂದ ಜೋಗದ ರಸ್ತೆ ಹಿಡಿದು ಸುಮಾರು 30 ಕಿ.ಮೀ. ಪೂರ್ವಕ್ಕೆ ಗೇರುಸೊಪ್ಪೆ. ಅಡಿಕೆ ತೋಟ, ತೋಟದಲ್ಲಿ ಮೆಣಸಿನ ಬಳ್ಳಿ, ಅದರಾಚೆ ಘಟ್ಟದ ಗೋಡೆ. ನಮ್ಮ ಚಿತ್ರದಲ್ಲಿ ಇಲ್ಲದಿದ್ದದ್ದು ಇದೇ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಇಲ್ಲಿ ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದರು. ಇಲ್ಲಿ ನಿಂತರೆ ಆ ಹೆಸರು ಹೊಗಳಿಕೆಯಲ್ಲ, ಲೆಕ್ಕಾಚಾರ ಎಂದು ತಿಳಿಯುತ್ತದೆ. ಘಟ್ಟದಿಂದ ಇಳಿದ ಮೆಣಸು ದೋಣಿ ಹತ್ತುವ ಜಾಗ ಯಾರ ಕೈಯಲ್ಲಿದೆಯೋ ಬೆಲೆ ಹೇಳುವವರು ಅವರೇ. ನದಿಯಾಚೆಯ ನಗರಬಸ್ತಿಕೇರಿಯ ಕಾಡಿನ ನಡುವೆ ಚತುರ್ಮುಖ ಬಸದಿ ಇದೆ. ನಾಲ್ಕು ದಿಕ್ಕಿಗೆ ನಾಲ್ಕು ಬಾಗಿಲು, ಸುತ್ತ ಮೌನ. ದೆಲ್ಲಾ ವಾಲೆ ಹೊನ್ನಾವರದಿಂದ ದೋಣಿಯಲ್ಲಿ ಈ ಹೊಳೆಯನ್ನೇರಿ ಬಂದಾಗಲೇ ರಾಣಿಯ ನಗರ ಹಾಳಾಗಿ, ಅರಮನೆಯ ಮೇಲೆ ಮರ ಬೆಳೆದಿತ್ತು. ರಾಜ್ಯ ಕೆಳದಿಯವರ ಪಾಲಾಗಿತ್ತು. ಆತ ಇಲ್ಲಿಂದ ಘಟ್ಟ ಹತ್ತಿ ಇಕ್ಕೇರಿಗೆ ಹೋದ. ಆಮೇಲೆ ಬಸರೂರಿಗೆ ಇಳಿದು ಮಂಗಳೂರು ಸೇರಿದ. ಹೆದ್ದಾರಿ ಇಲ್ಲದ ಕಾಲದವನಿಗೆ ಸರಿಯಾದ ದಾರಿ ತಾನಾಗಿಯೇ ಗೊತ್ತಿತ್ತು!

ನಾಲ್ಕನೆಯ ದಿನ ಅಘನಾಶಿನಿಯ ಬಳಿ ಮಿರ್ಜಾನ್ ಕೋಟೆ. ಜನರ ಮಾತಿನಲ್ಲಿ ಇದೂ ಚೆನ್ನಭೈರಾದೇವಿಯದೇ. ನಿಮ್ಮ ಟಿಪ್ಪಣಿಯಲ್ಲಿ ಶಾಸನ ಹೇಳಿದ್ದು, ಪ್ರವಾಸಿ ಬರೆದದ್ದು, ಊರವರು ಹೇಳುವುದು ಇವನ್ನು ಬೇರೆ ಬೇರೆ ಬರೆದುಕೊಳ್ಳಿ. ಮೂರಕ್ಕೂ ಬೆಲೆಯಿದೆ, ಆದರೆ ಒಂದೇ ಬೆಲೆಯಲ್ಲ. ಕೋಟೆಯ ಗೋಡೆಯನ್ನು ಮುಟ್ಟಿ ನೋಡಿ. ದಕ್ಷಿಣದಲ್ಲಿ ಮುರಕಲ್ಲು, ಇಲ್ಲಿ ಚಿರೆಕಲ್ಲು ಎನ್ನುವ ಈ ಕಲ್ಲು ನೆಲದಲ್ಲಿರುವಾಗ ಮೆದು, ಕಡಿದು ಗಾಳಿಗಿಟ್ಟರೆ ಗಟ್ಟಿ. ನಾನು ವಿಜ್ಞಾನದ ವಿದ್ಯಾರ್ಥಿಯಾಗಿ ಪುಸ್ತಕದಲ್ಲಿ ‘ಲ್ಯಾಟರೈಟ್’ ಎಂದು ಬಾಯಿಪಾಠ ಮಾಡಿದ್ದು ಇದನ್ನೇ. ಟಿಪ್ಪುವಿನ ಪತನದ ನಂತರ 1800–01ರಲ್ಲಿ ಮಲಬಾರ್, ಕೆನರಾಗಳನ್ನು ಸುತ್ತಿದ ಬುಕಾನನ್ ಲ್ಯಾಟಿನ್ನಿನ ‘ಇಟ್ಟಿಗೆ’ ಎಂಬ ಪದದಿಂದ ಆ ಹೆಸರು ಕಟ್ಟಿದ. ಇಟ್ಟಿಗೆಯ ಹಾಗೆ ಅಚ್ಚುಕಟ್ಟಾಗಿರುವುದರಿಂದಲೇ ಹಳೆಯ ಗೋಡೆಯ ಕಲ್ಲನ್ನು ಕಿತ್ತು ಹೊಸ ಮನೆಯ ಪಾಯಕ್ಕೆ ಹಾಕುವುದೂ ಸುಲಭ. ಹೀಗೆ ಹೋದ ಗೋಡೆಯನ್ನು ಯಾವ ಉತ್ಖನನವೂ ಹಿಂತಿರುಗಿಸದು.

ಸಾಣಿಕಟ್ಟೆಯ ಉಪ್ಪಿನ ಗದ್ದೆಗಳಲ್ಲಿ ಐದು ನಿಮಿಷ ನಿಂತು ಅಂಕೋಲೆಗೆ ಹೋಗಿ. 1930ರ ಏಪ್ರಿಲ್ 13ರಂದು ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಇಲ್ಲಿ ಉಪ್ಪಿನ ಕಾನೂನು ಮುರಿಯಲಾಯಿತು. ಗದ್ದೆಗಳನ್ನು ನೋಡಿ ಬಂದವರಿಗೆ ಅದು ಯಾಕೆ ಇಲ್ಲೇ ನಡೆಯಿತೆಂದು ಹೇಳಿಕೊಡಬೇಕಾಗಿಲ್ಲ.

ಕೊನೆಗೆ ಕಾಳಿ ನದಿ. ಇದರ ಮೇಲಿನ ಹಳೆಯ ಸೇತುವೆ 2024ರ ಆಗಸ್ಟ್‌ನಲ್ಲಿ ಕುಸಿಯಿತು. 1638ರಲ್ಲಿ ಇಂಗ್ಲಿಷರು ಕಾರವಾರದಲ್ಲಿ ಕೋಠಿ ತೆರೆದದ್ದು ಮೆಣಸಿಗಾಗಿ ಮಾತ್ರವಲ್ಲ. ಇಲ್ಲಿಂದ ನವಿರಾದ ಮಸ್ಲಿನ್ ಬಟ್ಟೆಯೂ ಹಡಗು ಏರುತ್ತಿತ್ತು. ಕಾರವಾರದಲ್ಲಿ ಮಗ್ಗಗಳನ್ನು ಹುಡುಕಬೇಡಿ. ಆ ಬಟ್ಟೆ ಬರುತ್ತಿದ್ದದ್ದು ಘಟ್ಟದ ಮೇಲಿನ ಹುಬ್ಬಳ್ಳಿಯ ಕಡೆಯಿಂದ. ಹಿಂತಿರುಗುವಾಗ ಮತ್ತೆ ಹೆದ್ದಾರಿಯಲ್ಲಿ ಮಂಗಳೂರಿಗೆ ಓಡುವ ಅಗತ್ಯವಿಲ್ಲ. ಅಂಕೋಲೆಗೆ ಬಂದು ಎಡಕ್ಕೆ ತಿರುಗಿ, ಅರಬೈಲು ಘಟ್ಟ ಹತ್ತಿ, ಯಲ್ಲಾಪುರದ ಮೇಲೆ ಹುಬ್ಬಳ್ಳಿಗೆ ಹೋಗಿ. ಬೆಳಕಿರುವಾಗಲೇ ಹೊರಡಿ, ಘಟ್ಟದ ತಿರುವುಗಳನ್ನು ಹಗಲಿನಲ್ಲಿಯೇ ನೋಡಬೇಕು.