ಮೀಟರನ್ನು ಓದುವವರು ಯಾರು?



"ಈ ತಿಂಗಳು ಎಷ್ಟು ಯೂನಿಟ್ ಆಯಿತು?" ಎಂದು ನಾವು ಕೇಳುತ್ತೇವೆ. ಯಾವುದರ ಯೂನಿಟ್ ಎಂದು ಯಾರೂ ಮರುಪ್ರಶ್ನೆ ಹಾಕುವುದಿಲ್ಲ. ಈ ಪುಟ್ಟ ಪದದ ಹಿಂದೆ ಬ್ರಿಟನ್ನಿನ ವಾಣಿಜ್ಯ ಇಲಾಖೆಯಾದ ಬೋರ್ಡ್ ಆಫ್ ಟ್ರೇಡ್ ನಿಂತಿದೆ. 1880ರ ದಶಕದಲ್ಲಿ ವಿದ್ಯುತ್ತು ಮಾರಾಟದ ಸರಕಾದಾಗ ಒಂದು ಕಿಲೋವ್ಯಾಟ್-ಗಂಟೆಯನ್ನು ಅಲ್ಲಿ 'ಬೋರ್ಡ್ ಆಫ್ ಟ್ರೇಡ್ ಯೂನಿಟ್' ಎಂದು ಕರೆದರು. ಇಲಾಖೆಯ ಹೆಸರು ಕಳಚಿಹೋಗಿ ಕೊನೆಯ ಪದ ಮಾತ್ರ ನಮ್ಮ ನಾಲಗೆಯ ಮೇಲೆ ಉಳಿಯಿತು. ಅಳತೆಯ ಹೆಸರೇ ಮಾರುವವನ ಅಂಗಡಿಯಿಂದ ಬಂದದ್ದು ಎಂಬುದನ್ನು ಗಮನಿಸಬೇಕು.

ಈ ವಿಚಾರ ಈಗೇಕೆ ಎಂದರೆ, ದೂರದ ಊರುಗಳಲ್ಲಿರುವ ನಿಮ್ಮಲ್ಲಿ ಕೆಲವರು ತಂದೆತಾಯಿಯರ ಮನೆಗೆ 'ಸ್ಮಾರ್ಟ್ ಪ್ಲಗ್' ಹಾಕಿಸಬೇಕೆಂದು, ಯಾವುದನ್ನು ಕೊಳ್ಳಬೇಕೆಂದು ಕೇಳಿದ್ದೀರಿ. ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಕೂರುವ ಈ ಸಣ್ಣ ಪೆಟ್ಟಿಗೆಯನ್ನು ಮೊಬೈಲಿನಿಂದಲೇ ಹಚ್ಚಿ ಆರಿಸಬಹುದು. ಕೆಲವು ಪ್ಲಗ್ಗುಗಳು ಆ ಒಂದು ಉಪಕರಣ ಬಳಸಿದ ವಿದ್ಯುತ್ತನ್ನೂ ಅಳೆಯುತ್ತವೆ. ಉತ್ತರ ಹೇಳುವ ಮೊದಲು, ಮೇಷ್ಟರ ಹಳೆಯ ಅಭ್ಯಾಸದಂತೆ, ನಿಮ್ಮನ್ನು ಸ್ವಲ್ಪ ಹಿಂದಕ್ಕೆ ಕರೆದೊಯ್ಯುತ್ತೇನೆ.

1882ರಲ್ಲಿ ಥಾಮಸ್ ಎಡಿಸನ್ ನ್ಯೂಯಾರ್ಕಿನ ಪರ್ಲ್ ಸ್ಟ್ರೀಟಿನಲ್ಲಿ ವಿದ್ಯುತ್ ಕೇಂದ್ರವನ್ನು ಆರಂಭಿಸಿದನು. ಗ್ರಾಹಕರ ಬಳಕೆಯನ್ನು ಅಳೆಯಲು ಅವನು ಬಳಸಿದ್ದು ರಸಾಯನಶಾಸ್ತ್ರವನ್ನು. ಸತುವಿನ ಲವಣದ ದ್ರಾವಣ ತುಂಬಿದ ಜಾಡಿಯಲ್ಲಿ ಎರಡು ಸತುವಿನ ಫಲಕಗಳು. ವಿದ್ಯುತ್ತಿನ ಒಂದು ಚಿಕ್ಕ ಪಾಲು ಹರಿದಂತೆಲ್ಲ ಒಂದು ಫಲಕ ಸವೆದು ಇನ್ನೊಂದು ದಪ್ಪಗಾಗುತ್ತಿತ್ತು. ತಿಂಗಳಿಗೊಮ್ಮೆ ಕಂಪನಿಯ ನೌಕರ ಬಂದು ಫಲಕಗಳನ್ನು ಒಯ್ಯುತ್ತಿದ್ದನು. ಅವುಗಳನ್ನು ತಕ್ಕಡಿಯಲ್ಲಿ ತೂಗಿ ಬಿಲ್ಲು ಬರೆಯುತ್ತಿದ್ದರು. ಮನೆಯೊಳಗೆ ಮೀಟರು ಇತ್ತು, ಆದರೆ ಮನೆಯವರಿಗೆ ಓದಲು ಅದರಲ್ಲಿ ಏನೂ ಇರಲಿಲ್ಲ!

ಈ ಕತ್ತಲೆ ಕಳೆದದ್ದು ತಿರುಗುವ ತಟ್ಟೆಯಿಂದ. 1885ರಲ್ಲಿ ಇಟಲಿಯ ಗೆಲಿಲಿಯೊ ಫೆರಾರಿಸ್ ತಿರುಗುವ ಕಾಂತಕ್ಷೇತ್ರವನ್ನು ತೋರಿಸಿಕೊಟ್ಟನು. 1889ರಲ್ಲಿ ಹಂಗೆರಿಯ ಓಟೊ ಬ್ಲಾಥಿ ಅದೇ ತತ್ತ್ವದ ಮೇಲೆ ಪರ್ಯಾಯ ವಿದ್ಯುತ್ತಿನ ಮೀಟರಿಗೆ ರೂಪು ಕೊಟ್ಟನು. ಬಳಕೆ ಹೆಚ್ಚಿದರೆ ತಟ್ಟೆಯ ವೇಗವೂ ಹೆಚ್ಚುತ್ತದೆ. ಅದಕ್ಕೆ ಜೋಡಿಸಿದ ಹಲ್ಲುಚಕ್ರಗಳು ಅಂಕಿಗಳನ್ನು ಮುಂದೆ ಸರಿಸುತ್ತವೆ. ಅಂದಿನಿಂದ ಮನೆಯ ಯಜಮಾನನೂ ಮೀಟರಿನ ಮುಂದೆ ನಿಂತು ಲೆಕ್ಕವನ್ನು ತಾಳೆನೋಡುವಂತಾಯಿತು.

ನಮ್ಮ ಮೈಸೂರು ಸಂಸ್ಥಾನದಲ್ಲಿ ಶಿವನಸಮುದ್ರದ ವಿದ್ಯುತ್ತು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಹರಿಯಿತು. ಅದನ್ನು ಗಣಿಗಳಿಗೆ ಮಾರಿದ್ದು ವರ್ಷಕ್ಕೆ ಒಂದು ಅಶ್ವಶಕ್ತಿಗೆ ಇಷ್ಟು ಹಣ ಎಂಬ ದರದಲ್ಲಿ. 1905ರ ಆಗಸ್ಟಿನಲ್ಲಿ ಬೆಂಗಳೂರಿಗೆ ದೀಪ ಬಂದಿತು. ಮುಂದೆ ಮನೆಮನೆಯ ಬಾಗಿಲಲ್ಲಿ ಆ ತಿರುಗುವ ತಟ್ಟೆ ಬಂದು ಕುಳಿತಿತು.

ಅದರ ಅಂಚಿನ ಕೆಂಪು ಅಥವಾ ಕಪ್ಪು ಗುರುತು ನಿಮಗೆ ನೆನಪಿರಬಹುದು. ವಿಜ್ಞಾನದ ತರಗತಿಯಲ್ಲಿ ನಾನು ಕೊಡುತ್ತಿದ್ದ ಮನೆಪಾಠವೊಂದಿತ್ತು. ಮೀಟರಿನ ಮೇಲೆ 'ಒಂದು ಯೂನಿಟ್ಟಿಗೆ 600 ಸುತ್ತು' ಎಂದು ಬರೆದಿದ್ದರೆ, ಮನೆಯ ಎಲ್ಲವನ್ನೂ ಆರಿಸಿ 100 ವ್ಯಾಟಿನ ಒಂದೇ ಬಲ್ಬನ್ನು ಹಚ್ಚಿ, ಗಡಿಯಾರ ಹಿಡಿದು ನಿಲ್ಲಿರಿ ಎನ್ನುತ್ತಿದ್ದೆ. ಆ ಬಲ್ಬು ಒಂದು ಯೂನಿಟ್ ಬಳಸಲು 10 ಗಂಟೆ ಬೇಕು. ಆದ್ದರಿಂದ ಗಂಟೆಗೆ 60 ಸುತ್ತು, ಅಂದರೆ ನಿಮಿಷಕ್ಕೆ ಸರಿಯಾಗಿ ಒಂದು. ಇಸ್ತ್ರಿಪೆಟ್ಟಿಗೆಯನ್ನು ಹಚ್ಚಿದಾಗ ತಟ್ಟೆ ಓಡುವ ಪರಿ ಕಂಡು ಹುಡುಗರು ಬೆರಗಾಗುತ್ತಿದ್ದರು. ಇಂದಿನ ಎಲೆಕ್ಟ್ರಾನಿಕ್ ಮೀಟರಿನಲ್ಲಿ ತಟ್ಟೆಯ ಬದಲು ಮಿನುಗುವ ಕೆಂಪು ದೀಪವಿದೆ; ಪಾಠ ಮಾತ್ರ ಅದೇ.

ಆ ಪಾಠದ ಮಿತಿಯೂ ಸ್ಪಷ್ಟ. ಬಾಗಿಲಿನ ಮೀಟರು ಹೇಳುವುದು ಒಟ್ಟು ಮೊತ್ತವನ್ನು. ಯಾವುದು ಎಷ್ಟು ಬಳಸಿತು ಎಂದು ತಿಳಿಯಲು ಉಳಿದದ್ದನ್ನೆಲ್ಲ ಆರಿಸಬೇಕು. ಅಳೆಯುವ ಸ್ಮಾರ್ಟ್ ಪ್ಲಗ್ ಮಾಡುವುದು ಇದೇ ಕೆಲಸವನ್ನು, ಮನೆಯನ್ನು ಕತ್ತಲೆ ಮಾಡದೆ. 2023ರಲ್ಲಿ ಗೃಹಜ್ಯೋತಿ ಯೋಜನೆ ಬಂದ ಮೇಲೆ ಈ ತಿಳಿವಳಿಕೆಗೆ ಹೊಸ ಬೆಲೆ ಬಂದಿದೆ. ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲನ್ನು ಕಟ್ಟಬೇಕೆಂಬುದು ಅದರ ನಿಯಮ. ಹಗಲಿರುಳು 10 ವ್ಯಾಟ್ ಎಳೆಯುತ್ತ ಕುಳಿತ ಪೆಟ್ಟಿಗೆಯೊಂದು 30 ದಿನಕ್ಕೆ 7.2 ಯೂನಿಟ್ ತಿನ್ನುತ್ತದೆ. 2000 ವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ಉರಿದರೆ ಅಷ್ಟೇ ದಿನಕ್ಕೆ 30 ಯೂನಿಟ್. ಗಡಿಯ ಅಂಚಿನಲ್ಲಿರುವ ವೃದ್ಧ ದಂಪತಿಗಳಿಗೆ ಇದು ಸಣ್ಣ ಮಾತಲ್ಲ.

ಇನ್ನು ಈ ಚರಿತ್ರೆಯ ಇನ್ನೊಂದು ಮಗ್ಗುಲು. 1980ರ ದಶಕದಲ್ಲಿ ಅಮೆರಿಕದ ಎಂಐಟಿಯಲ್ಲಿ ಜಾರ್ಜ್ ಹಾರ್ಟ್ ಎಂಬ ವಿಜ್ಞಾನಿ, ಮನೆಯ ಒಟ್ಟು ಬಳಕೆಯ ಏರಿಳಿತವನ್ನು ನೋಡಿಯೇ ಯಾವ ಉಪಕರಣ ಯಾವಾಗ ಹತ್ತಿತು ಎಂದು ಗುರುತಿಸುವ ವಿಧಾನವನ್ನು ರೂಪಿಸಿದರು. ಇದೇ ಅಂಕಿಗಳು ಮನೆಯವರ ದಿನಚರಿಯನ್ನು ಹೊರಗಿನವರಿಗೆ ತೆರೆದಿಡಬಲ್ಲವು ಎಂದು 1989ರಲ್ಲಿ ಅವರೇ ಲೇಖನ ಬರೆದು ಎಚ್ಚರಿಸಿದರು. ಅಮ್ಮ ಎಷ್ಟು ಹೊತ್ತಿಗೆ ಎದ್ದರು, ಮನೆ ಯಾವ ದಿನ ಖಾಲಿಯಿತ್ತು... ಎಲ್ಲವೂ ಆ ಅಂಕಿಗಳಲ್ಲಿದೆ. ಪ್ಲಗ್ಗಿನ ಲೆಕ್ಕ ಮೊದಲು ದೂರದ ಕಂಪನಿಗೆ ಹೋಗಿ, ಅಲ್ಲಿಂದ ನಮ್ಮ ಮೊಬೈಲಿಗೆ ಬರುವುದಾದರೆ ನಾವು ಎಡಿಸನ್ನನ ಸತುವಿನ ಫಲಕದ ಕಾಲಕ್ಕೇ ಅರ್ಧ ಹಿಂದಿರುಗಿದಂತೆ.

ಕಂಪನಿ ಕೈಬಿಟ್ಟರೆ ಏನಾಗುತ್ತದೆ ಎಂಬುದಕ್ಕೂ ನಿದರ್ಶನವಿದೆ. 2025ರಲ್ಲಿ ಬೆಲ್ಕಿನ್ ಸಂಸ್ಥೆಯು ತನ್ನ 'ವೀಮೋ' ಹೆಸರಿನ ಬಹುಪಾಲು ಉಪಕರಣಗಳ ಆ್ಯಪ್ ಮತ್ತು ಕ್ಲೌಡ್ ಸೇವೆಯನ್ನು 2026ರ ಜನವರಿ 31ಕ್ಕೆ ನಿಲ್ಲಿಸುವುದಾಗಿ ಪ್ರಕಟಿಸಿತು. ಆ ಸೇವೆಯನ್ನೇ ನಂಬಿದ್ದ ಪ್ಲಗ್ಗಿಗೆ ಮೈಮೇಲಿನ ಗುಂಡಿಯೊಂದೇ ಗತಿ.

ಆದ್ದರಿಂದ ಕೊಳ್ಳುವಾಗ ನಾಲ್ಕು ಮಾತು ವಿಚಾರಿಸಿರಿ.

ಮೊದಲನೆಯದು ತಾಳಿಕೆ. ನಮ್ಮ ದುಂಡುಪಿನ್ನಿನ ಪ್ಲಗ್ಗು ಬ್ರಿಟಿಷರ ಹಳೆಯ ಮಾನಕದಿಂದ ಬಂದದ್ದು. ಇಂದಿನ ಭಾರತೀಯ ಮಾನಕ ಐಎಸ್ 1293ರಲ್ಲಿ 6 ಮತ್ತು 16 ಆಂಪಿಯರಿನ ಎರಡು ಗಾತ್ರಗಳಿವೆ. 230 ವೋಲ್ಟಿನಲ್ಲಿ 6 ಆಂಪಿಯರ್ ಎಂದರೆ 1380 ವ್ಯಾಟ್ ಮಾತ್ರ. ಗೀಸರಿಗೆ 16 ಆಂಪಿಯರಿನದೇ ಬೇಕು. ಅಡಾಪ್ಟರ್ ಹಾಕಿ ಸಣ್ಣದನ್ನು ಹೊಂದಿಸುವುದು ಬೆಂಕಿಗೆ ಆಹ್ವಾನ.

ಎರಡನೆಯದು, ಅದು ಬರೀ ಆಂಪಿಯರನ್ನಲ್ಲದೆ ನಿಜವಾದ ವ್ಯಾಟನ್ನೂ ಕೂಡಿಬಂದ ಯೂನಿಟ್ಟನ್ನೂ ತೋರಿಸಬೇಕು. ಫ್ರಿಜ್ಜಿನಂತಹ ಮೋಟಾರಿನ ಉಪಕರಣಗಳಲ್ಲಿ ವೋಲ್ಟನ್ನು ಆಂಪಿಯರಿನಿಂದ ಗುಣಿಸಿದರೆ ಬರುವ ಸಂಖ್ಯೆ ನಿಜವಾದ ವ್ಯಾಟಿಗಿಂತ ಹೆಚ್ಚು.

ಮೂರನೆಯದು, ಇಂಟರ್ನೆಟ್ ಇಲ್ಲದಾಗಲೂ ಮನೆಯೊಳಗಿನ ಜಾಲದಲ್ಲೇ ಅದು ಲೆಕ್ಕ ಒಪ್ಪಿಸಬೇಕು. ಹಲವು ಕಂಪನಿಗಳು ಒಪ್ಪಿದ 'ಮ್ಯಾಟರ್' ಎಂಬ ಸಾಮಾನ್ಯ ಮಾನಕಕ್ಕೆ 2024ರ ಮೇ ತಿಂಗಳ 1.3ನೇ ಆವೃತ್ತಿಯಲ್ಲಿ ಬಳಕೆಯ ಅಂಕಿಗಳನ್ನು ತಿಳಿಸುವ ಕ್ರಮ ಸೇರಿತು. 'ಮ್ಯಾಟರ್' ಚಿಹ್ನೆ ಇದ್ದ ಮಾತ್ರಕ್ಕೆ ಅಳತೆಯೂ ಇದೆಯೆಂದು ಭಾವಿಸಬಾರದು, ಕೇಳಿಯೇ ಕೊಳ್ಳಬೇಕು.

ನಾಲ್ಕನೆಯದು, ಪ್ಲಗ್ಗೂ ತಾನೇ ವಿದ್ಯುತ್ತು ತಿನ್ನುತ್ತದೆ. ಒಂದು ವ್ಯಾಟ್ ಎಂದಿಟ್ಟುಕೊಂಡರೂ ವರ್ಷಕ್ಕೆ 8.76 ಯೂನಿಟ್. ಎಲ್ಲ ಸಾಕೆಟ್ಟಿಗೂ ಒಂದೊಂದು ಹಾಕುವುದು ಜಾಣತನವಲ್ಲ. ಒಂದೆರಡನ್ನು ಕೊಂಡು, ವಾರಕ್ಕೊಂದು ಉಪಕರಣದಂತೆ ಅಳೆದು, ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಆ ನೋಟ್‌ಬುಕ್ಕು ತಂದೆತಾಯಿಯರ ಕೈಯಲ್ಲಿರಲಿ. ಮಗನ ಮೊಬೈಲಿನಲ್ಲಿ ಮಾತ್ರ ಕಾಣುವ ಲೆಕ್ಕದಿಂದ ಅವರು ದೀಪ ಆರಿಸಲು ಕಲಿಯುವುದಿಲ್ಲ. ಯಾರೋ ನೋಡುತ್ತಿದ್ದಾರೆ ಎಂದು ಮುದುರಿಕೊಳ್ಳುತ್ತಾರೆ, ಅಷ್ಟೇ.